ಗುಳೆ ತಡೆಯಲು ಕೃಷಿ ಹೊಂಡ: 12 ಮೀಟರ್ ಹೊಂಡ ಮತ್ತು 500 ಮೈಕ್ರಾನ್ ಹಾಳೆಯ ವಿಮರ್ಶೆ

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಮಳೆನೀರು ಹಿಡಿದಿಡಲು ತೋಡಿದ, ಪ್ಲಾಸ್ಟಿಕ್ ಹಾಳೆ ಹೊದ್ದ ಚೌಕದ ಹೊಂಡಗಳು ಈಗ ಹೊಸತಲ್ಲ. 2014-15ರಲ್ಲಿ ಇಂಥ ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದಾಗಿನಿಂದ ರೈತ ಸಂಪರ್ಕ ಕೇಂದ್ರಗಳಲ್ಲಿ ಕೇಳಿಬರುವ ಮಾತು ಒಂದೇ: ಹೊಂಡ ಇದ್ದರೆ ಬೆಳೆ ಉಳಿಯುತ್ತದೆ, ಬೆಳೆ ಉಳಿದರೆ ಗುಳೆ ನಿಲ್ಲುತ್ತದೆ. ಮೊದಲನೆಯದು ನಿಜ, ಲೆಕ್ಕ ಹಾಕಿ ತೋರಿಸಬಹುದು. ಎರಡನೆಯದು ನಿಜವಾಗಬೇಕಾದರೆ ಊರಲ್ಲಿ ಕೈಗಳಿರಬೇಕು. ಬರದಿಂದ ಜನ ಊರು ಬಿಡುತ್ತಾರೆ, ಜನ ಊರು ಬಿಟ್ಟಿದ್ದರಿಂದ ಹೊಂಡ, ಬದು, ಹಳ್ಳ ಎಲ್ಲವೂ ಹಾಳು ಬೀಳುತ್ತವೆ, ಮುಂದಿನ ಬರ ಇನ್ನಷ್ಟು ಕಚ್ಚುತ್ತದೆ. ಹೊಂಡವನ್ನು ಈ ಸುತ್ತಿನೊಳಗಿಟ್ಟೇ ಅಳೆಯಬೇಕು.

ಮೊದಲು ನೀರಿನ ಲೆಕ್ಕ. ಹೆಚ್ಚಿನ ರೈತರು ತೆಗೆಯುವ ಅಳತೆ 12×12×3 ಮೀಟರ್. ಕಾಗದದ ಮೇಲೆ ಇದನ್ನು ಪೆಟ್ಟಿಗೆಯಂತೆ ಗುಣಿಸಿ 4.32 ಲಕ್ಷ ಲೀಟರ್ ಅನ್ನುವವರಿದ್ದಾರೆ. ಅದು ತಪ್ಪು. ಗೋಡೆ ಇಳಿಜಾರಾಗಿರಲೇಬೇಕು. ಕೆಂಪು ಮಣ್ಣಲ್ಲಿ ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್) ಇಳಿಜಾರು ಕೊಟ್ಟರೆ ತಳ 6×6 ಮೀಟರ್ ಆಗುತ್ತದೆ, ಹಿಡಿಯುವ ನೀರು 2.52 ಲಕ್ಷ ಲೀಟರ್. ಎರೆಭೂಮಿಯಲ್ಲಿ ಒಂದಕ್ಕೊಂದು ಸಾಲದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಕಡಿದಾದ ಗೋಡೆ ಎರಡನೆಯ ಮಳೆಗಾಲದಲ್ಲೇ ಕುಸಿದು ಹಾಳೆಯನ್ನೂ ಎಳೆದುಕೊಂಡು ಬೀಳುತ್ತದೆ. ಅಲ್ಲಿ ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬೇಕು. ಆಗ ತಳ 3×3ಕ್ಕೆ ಇಳಿಯುತ್ತದೆ, ನೀರು 1.89 ಲಕ್ಷ ಲೀಟರ್. ಒಂದೇ ಅಳತೆಯ ಹೊಂಡ, ಅದೇ ಸಹಾಯಧನ, ಆದರೆ ಎರೆಯ ರೈತನಿಗೆ ಕಾಲು ಭಾಗ ನೀರು ಕಡಿಮೆ. ಅರ್ಜಿ ಹಾಕುವ ಮೊದಲೇ ಇದು ಗೊತ್ತಿರಬೇಕು.

ಒಂದು ಎಕರೆಗೆ 50 ಮಿಲಿಮೀಟರ್ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಅಂದರೆ ತುಂಬಿದ ಹೊಂಡ ಒಂದು ಎಕರೆಗೆ ಒಂದು ಸಲದ ಜೀವರಕ್ಷಕ ನೀರು, ಅಷ್ಟೇ. ಸಾಲು ಬಿಟ್ಟು ಸಾಲಿಗೆ ಹಾಯಿಸಿ 25 ಮಿ.ಮೀ.ಗೆ ಇಳಿಸಿಕೊಂಡರೆ ಎರಡು ಎಕರೆ. ಇದರಲ್ಲಿ ಆವಿಯಾಗುವುದನ್ನು ಕಳೆಯಬೇಕು: ದಿನಕ್ಕೆ 5 ಮಿ.ಮೀ. ಹಿಡಿದರೂ 144 ಚದರ ಮೀಟರ್ ಮೇಲ್ಮೈಯಿಂದ 720 ಲೀಟರ್ ಹೋಗುತ್ತದೆ, ಎರಡು ತಿಂಗಳಿಗೆ 40 ಸಾವಿರ ಲೀಟರಿನಷ್ಟು. ಕಬ್ಬು, ಭತ್ತ, ಬಾಳೆಯ ಆಸೆಯಿಂದ 12 ಮೀಟರ್ ಹೊಂಡ ತೆಗೆಯುವವರು ತೆಗೆಯದಿರುವುದೇ ಲೇಸು.

ತೊಗರಿಗೆ ಮಾತ್ರ ಈ ಒಂದು ನೀರು ಬಂಗಾರ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರಿನಲ್ಲಿ ಹೂ, ಕಾಯಿ ಹಿಡಿಯುತ್ತದೆ. ಉತ್ತರಿ ಮಳೆ ಸುರಿದು ಹೋಗಿ ಚಿತ್ತಿ, ಸ್ವಾತಿ ಕೈಕೊಟ್ಟರೆ ಗಿಡ ನೋಡಲು ಹಸಿರಾಗಿಯೇ ಇರುತ್ತದೆ, ಬುಡದಲ್ಲಿ ಮಾತ್ರ ಹಳದಿ ಹೂವಿನ ಹಾಸು ಬಿದ್ದಿರುತ್ತದೆ. ಉದುರಿದ ಆ ಹೂವೇ ರೈತನ ಆ ವರ್ಷದ ಆದಾಯ. ಹೂ ಬಿಡಲು ಶುರುವಾದಾಗ ಅಥವಾ ಕಾಯಿ ಕಟ್ಟುವಾಗ ಕೊಟ್ಟ ಒಂದು ನೀರು ಇದನ್ನು ತಡೆಯುತ್ತದೆ. ಹೊಂಡದಲ್ಲಿ ನೀರಿದೆ ಎಂದು ಸೆಪ್ಟೆಂಬರಿನಲ್ಲೇ ಹಾಯಿಸಿದರೆ ಎಲೆ ಹೆಚ್ಚುತ್ತದೆ, ಹೂವಿನ ಹೊತ್ತಿಗೆ ಹೊಂಡ ಖಾಲಿ. ಎರೆಯಲ್ಲಿ ನೀರು ನಿಲ್ಲಿಸಿದರಂತೂ ಬೇರು ಉಸಿರುಗಟ್ಟಿ ಗಿಡ ಒಣಗುತ್ತದೆ. ತುಂತುರು ಪೈಪಿನಲ್ಲಾದರೂ ಸಾಲಿನಲ್ಲಾದರೂ ತೆಳ್ಳಗೆ ಹಾಯಿಸಿ.

ಹೊಂಡ ತುಂಬಲು ಎಷ್ಟು ಹೊಲ ಬೇಕು? 600 ಮಿ.ಮೀ. ಮಳೆಯ ಊರಲ್ಲಿ ಶೇ 10ರಷ್ಟು ನೀರು ಹರಿದು ಬಂದರೆ ಎಕರೆಗೆ 2.4 ಲಕ್ಷ ಲೀಟರ್. ಒಳ್ಳೆಯ ವರ್ಷಕ್ಕೆ ಒಂದು ಎಕರೆ ಸಾಕು, ಮಳೆ ಅರ್ಧವಾದ ವರ್ಷ ಹರಿವು ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಎರಡು-ಮೂರು ಎಕರೆಯ ನೀರು ಇಳಿದುಬರುವ ತಗ್ಗು ಮೂಲೆಯಲ್ಲಿ ಹೊಂಡ ಇರಬೇಕು. ರಸ್ತೆ ಪಕ್ಕ ಫೋಟೊಕ್ಕೆ ಚೆನ್ನಾಗಿ ಕಾಣುತ್ತದೆಂದು ದಿಬ್ಬದ ಮೇಲೆ ತೋಡಿದ ಹೊಂಡಗಳು ಎಂದೂ ತುಂಬುವುದಿಲ್ಲ. 21×21×3 ಮೀಟರಿನ ದೊಡ್ಡ ಹೊಂಡ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ ನಿಜ, ಆದರೆ ಅದನ್ನು ತುಂಬಲು ಒಳ್ಳೆಯ ವರ್ಷವೂ ನಾಲ್ಕು ಎಕರೆಯ ಹರಿವು ಬೇಕು, ಬದು ಸೇರಿ ಏಳು ಗುಂಟೆ ಜಮೀನು ನುಂಗುತ್ತದೆ. 12 ಮೀಟರಿನದಕ್ಕೆ ಮೂರು ಗುಂಟೆಯ ಮೇಲೆ ಚೂರು. ಎರಡು-ಮೂರು ಎಕರೆಯವರಿಗೆ ಚಿಕ್ಕದೇ ಸರಿ.

ಇನ್ನು ಹಾಳೆ. ಈ ಇಡೀ ಸಾಮಾನಿನ ಆಯುಷ್ಯ ನಿಂತಿರುವುದು ಇದರ ಮೇಲೆ. ಮೂರು ಮೀಟರ್ ಆಳದ ಇಳಿಜಾರಿನ ಉದ್ದ 4.24 ಮೀಟರ್. ತಳದ 6 ಮೀಟರಿಗೆ ಎರಡೂ ಬದಿ ಸೇರಿಸಿ, ಅಂಚಿನಲ್ಲಿ ಹೂಳಲು ಎರಡೂ ಕಡೆ 1.25 ಮೀಟರ್ ಬಿಟ್ಟರೆ 17×17 ಮೀಟರಿನ ಹಾಳೆ ಬೇಕು, 289 ಚದರ ಮೀಟರ್. ಎಷ್ಟೋ ಕಡೆ ಹೂಳುವ ಅಂಚನ್ನೇ ಕಡಿತ ಮಾಡಿ 15 ಮೀಟರಿನ ಹಾಳೆ ತಂದುಕೊಡುತ್ತಾರೆ. ಅದು ಮೊದಲ ಗಾಳಿಗೆ ಕಿತ್ತು ಒಳಗೆ ಜಾರುತ್ತದೆ. ಗಟ್ಟಿ ಎಚ್‌ಡಿಪಿಇ (ಒಂದು ಬಗೆಯ ಪಾಲಿಥಿನ್) ಹಾಳೆಯಾದರೆ 500 ಮೈಕ್ರಾನಿಗೆ (ಅರ್ಧ ಮಿಲಿಮೀಟರ್ ದಪ್ಪಕ್ಕೆ) ಚದರ ಮೀಟರಿಗೆ 470 ಗ್ರಾಂ ಆಸುಪಾಸು ತೂಗಬೇಕು, ಇಡೀ ಹಾಳೆ 136 ಕಿಲೊ. ಟೆಂಪೊದಿಂದ ಇಬ್ಬರು ಸಲೀಸಾಗಿ ಹೊತ್ತಿಳಿಸಿದರೆ ಅನುಮಾನ ಪಡಿ, ತಕ್ಕಡಿಗೆ ಹಾಕಿ. ನೇಯ್ದು ಲೇಪ ಕೊಟ್ಟ ಹಾಳೆಯ ತೂಕ ಬೇರೆ. ಅದಕ್ಕೆ ಭಾರತೀಯ ಮಾನಕದ ಐಎಸ್ 15351 ಗುರುತು ಇದೆಯೇ ನೋಡಿ, ಬಿಲ್ಲಿನಲ್ಲಿ ಬರೆದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಜತೆ ತೂಕ ಹೋಲಿಸಿ.

ಹಾಸುವುದರಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುತ್ತಾರೆ. ತಳದಲ್ಲಿ ಹತ್ತಿ ಕಟ್ಟಿಗೆಯ ಮೊಂಡು, ಜಾಲಿ ಬೇರು, ಚೂಪು ಕಲ್ಲು ಒಂದೂ ಉಳಿಯಬಾರದು. ಜರಡಿ ಹಿಡಿದ ಮಣ್ಣನ್ನು ಎರಡು ಅಂಗುಲ ಹರಡಿ ನೀರು ಚಿಮುಕಿಸಿ ಒತ್ತಬೇಕು. ಹಾಳೆಯನ್ನು ಎಳೆದು ಬಿಗಿ ಮಾಡಬಾರದು. ಮಟಮಟ ಮಧ್ಯಾಹ್ನ ಹಿಗ್ಗಿದ ಹಾಳೆಯನ್ನು ಬಿಗಿಯಾಗಿ ಹೂತರೆ ರಾತ್ರಿಯ ತಂಪಿಗೆ ಕುಗ್ಗಿ ಮೂಲೆಗಳಲ್ಲಿ ಜಗ್ಗಿ ನಿಲ್ಲುತ್ತದೆ, ಆ ಮೂಲೆಯಲ್ಲೇ ಸೀಳುತ್ತದೆ. ಬೆಳಗಿನ ತಂಪಿನಲ್ಲಿ, ಸಡಿಲ ಬಿಟ್ಟು ಹಾಸಿ, ಅಂಚಿನಿಂದ ಅರ್ಧ ಮೀಟರ್ ದೂರದಲ್ಲಿ ಅರ್ಧ ಮೀಟರ್ ಆಳದ ಕಾಲುವೆ ತೆಗೆದು ಹೂಳಿ. ತೋಡಿದ ಮಣ್ಣನ್ನು ಅಂಚಿಗೇ ಸುರಿಯದೆ ಒಂದು ಮೀಟರ್ ಬಿಟ್ಟು ಬದು ಕಟ್ಟಿ.

ನೀರು ಒಳಬರುವ ಬಾಯಿಯ ಮುಂದೆ ಹೂಳಿನ ಗುಂಡಿ ಇಲ್ಲದ ಹೊಂಡವನ್ನು ಪೂರ್ತಿಯಾಗಿದೆ ಎಂದು ಒಪ್ಪಿಕೊಳ್ಳಬೇಡಿ. 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ, ಕಲ್ಲು ಹೊದಿಸಿದ ಗುಂಡಿ ಇದ್ದರೆ ಮಣ್ಣು ಅಲ್ಲೇ ತಂಗುತ್ತದೆ. ಹೆಚ್ಚಾದ ನೀರು ಹೊರಹೋಗುವ ಕೋಡಿ ಎದುರು ಬದಿಯಲ್ಲಿ, ಅಂಚಿಗಿಂತ ಒಂದು ಅಡಿ ಕೆಳಗೆ, ಒಳಬಾಯಿಗಿಂತ ಅಗಲವಾಗಿರಲಿ. ಇಲ್ಲವಾದರೆ ದೊಡ್ಡ ಮಳೆಯ ರಾತ್ರಿ ನೀರು ಹಾಳೆಯ ಅಡಿಗೆ ನುಗ್ಗಿ ಹಾಳೆ ಹೊಟ್ಟೆಯಂತೆ ಉಬ್ಬಿಕೊಂಡು ಮೇಲೆದ್ದಿರುತ್ತದೆ.

ಗುಳೆಯ ಮಾತು ಬರುವುದು ಇಲ್ಲಿಯೇ. ಹೊಂಡಕ್ಕೆ ವರ್ಷದಲ್ಲಿ ಅತಿ ಹೆಚ್ಚು ಆರೈಕೆ ಬೇಕಾದ ತಿಂಗಳು ಫೆಬ್ರುವರಿಯಿಂದ ಮೇ. ನೀರು ತಳ ಕಂಡಿರುತ್ತದೆ, ಬಿಸಿಲು ನೇರವಾಗಿ ಹಾಳೆಗೆ ಹೊಡೆಯುತ್ತದೆ, ಖಾಲಿ ಹಾಳೆಯನ್ನು ಗಾಳಿ ಪಟಪಟ ಬಡಿಯುತ್ತದೆ, ನೀರು ಕುಡಿಯಲು ಇಳಿದ ಆಡಿನ ಗೊರಸು ತೂತು ಮಾಡುತ್ತದೆ, ಅಂಚಿನಲ್ಲಿ ಇಲಿ ಕಡಿಯುತ್ತದೆ. ಅದೇ ತಿಂಗಳುಗಳಲ್ಲಿ ಮನೆಯ ದುಡಿಯುವ ಕೈಗಳೆಲ್ಲ ಬೆಂಗಳೂರಿನ ಕಟ್ಟಡಗಳ ಮೇಲೋ ಇಟ್ಟಿಗೆ ಭಟ್ಟಿಯಲ್ಲೋ ಇರುತ್ತವೆ. ಊರಲ್ಲಿ ಮುದುಕರು, ಕೂಸುಗಳು. ಮಾರ್ಚಿನಲ್ಲಿ ಬೆರಳಗಲ ಇದ್ದ ತೂತು ಜೂನಿಗೆ ಮೊಳದುದ್ದದ ಸೀಳು. ಮೊದಲ ಮಳೆಯ ನೀರು ನಿಲ್ಲುವುದಿಲ್ಲ, ತೊಗರಿ ಹೂ ಉದುರಿಸುತ್ತದೆ, ದಸರೆಯ ಹೊತ್ತಿಗೆ ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಕೈಯಿಂದ ಮತ್ತೆ ಮುಂಗಡ. ಬದುಗಳದ್ದೂ ಇದೇ ಗತಿ. ಒಡೆದ ಒಡ್ಡಿಗೆ ನಾಲ್ಕು ಬುಟ್ಟಿ ಮಣ್ಣು ಹಾಕುವವರಿಲ್ಲದೆ ಕೊರಕಲು ಬೆಳೆಯುತ್ತದೆ, ಮೇಲ್ಮಣ್ಣು ಹಳ್ಳ ಸೇರುತ್ತದೆ. ಹೋದ ಕಡೆಯೂ ನೆಲ ತಣ್ಣಗಿಲ್ಲ: ಭಟ್ಟಿಗೆ ಬೇಕಾದ ಜೇಡಿಮಣ್ಣು ಯಾರದೋ ಹೊಲದ ಮೇಲ್ಪದರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು, 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲೂ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಸಾಲು ನಿಂತಿತು. ಬರ ಬಿಟ್ಟು ಹೋದವರಿಗೆ ಬರವೇ ಎದುರಾಯಿತು.

ಅಂಥ ವರ್ಷಕ್ಕೆ ಹೊಂಡ ಉತ್ತರವಲ್ಲ ಎಂಬುದನ್ನೂ ಹೇಳಬೇಕು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಹರಿದು ಬರುವಷ್ಟು ಮಳೆಯೇ ಆಗದಿದ್ದರೆ ಹೊಂಡ ಏನು ಹಿಡಿದೀತು? ಮಳೆ ಬಂದು ನಡುವೆ ಕೈಕೊಡುವ ವರ್ಷಗಳಿಗೆ ಇದು ಸಾಧನ. ಭೂಮಿಯಿಲ್ಲದ ಕುಟುಂಬಕ್ಕಂತೂ ಇದರಿಂದ ನೇರ ಲಾಭ ಒಂದೇ, ತೋಡುವ ಕೂಲಿ. ಯಂತ್ರ ಒಂದೆರಡು ದಿನದಲ್ಲಿ ಮುಗಿಸುವ 252 ಘನ ಮೀಟರ್ ಮಣ್ಣನ್ನು ಉದ್ಯೋಗ ಖಾತರಿಯ ಕೆಲಸವಾಗಿ ಕೈಯಿಂದ ತೋಡಿದರೆ, ಒಬ್ಬರು ದಿನಕ್ಕೆ ಒಂದೂವರೆ ಘನ ಮೀಟರ್ ತೆಗೆದರೂ 168 ಆಳಿನ ಕೆಲಸ. ಗಟ್ಟಿ ಗರಸು ಬಂದರೆ ಇನ್ನೂ ಹೆಚ್ಚು. ಈ ಕೆಲಸ ಗುಳೆ ಹೊರಡುವ ಮೊದಲು, ಡಿಸೆಂಬರ್-ಜನವರಿಯಲ್ಲಿ ಶುರುವಾಗಬೇಕು. ಏಪ್ರಿಲಿನಲ್ಲಿ ಶುರುಮಾಡಿ ಜನ ಬರಲಿಲ್ಲ ಎಂದರೆ ಏನು ಪ್ರಯೋಜನ?

ಇನ್ನೊಂದು ದುರ್ಬಳಕೆ. ರಾತ್ರಿ ಕರೆಂಟು ಬಂದಾಗ ಕೊಳವೆಬಾವಿಯಿಂದ ಎತ್ತಿ ಹೊಂಡ ತುಂಬಿಸಿಕೊಳ್ಳುವುದು. ಹಾಳೆ ಹೊದ್ದ ಹೊಂಡದಿಂದ ಅಂತರ್ಜಲಕ್ಕೆ ಒಂದು ಹನಿಯೂ ಮರಳುವುದಿಲ್ಲ. ನೆಲದೊಳಗೆ ತಂಪಾಗಿದ್ದ ನೀರನ್ನು ಬಿಸಿಲಿಗಿಟ್ಟು ಆರಿಸಿದಂತೆ. ಪಕ್ಕದ ಹೊಲದವನ ಬಾವಿ ಬತ್ತಿದರೆ ಮುಂದಿನ ವರ್ಷ ಗುಳೆ ಹೋಗುವವನು ಅವನು.

ಸಹಾಯಧನ ತೋಡಲು, ಹಾಳೆಗೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಎಂದು ಯೋಜನೆ ನಡೆದುಬಂದಿದೆ. ಈ ವರ್ಷದ ದರ, ಗುರಿ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ. ಪಹಣಿ, ಫ್ರೂಟ್ಸ್ (ರೈತರ ನೋಂದಣಿ) ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಬೆಂಗಳೂರಿನಲ್ಲಿರುವಾಗ ಊರಲ್ಲಿ ಹಂತ ಹಂತದ ಫೋಟೊ ತೆಗೆಯಲು ಯಾರೂ ಇಲ್ಲದೆ ಕಡತ ನಿಂತುಹೋಗುವುದುಂಟು, ಮನೆಯಲ್ಲಿರುವವರಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟು ಹೋಗಿ.

ತಂತಿಬೇಲಿ ಇಲ್ಲದೆ ಹೊಂಡಕ್ಕೆ ನೀರು ಬಿಡಲೇಬೇಡಿ. ಒದ್ದೆ ಹಾಳೆಯ ಇಳಿಜಾರಿನಲ್ಲಿ ಈಜು ಬಲ್ಲವನಿಗೂ ಕಾಲೂರುವುದಿಲ್ಲ, ಅಜ್ಜ-ಅಜ್ಜಿಯ ಸುಪರ್ದಿಯಲ್ಲಿ ಬಿಟ್ಟುಹೋದ ಮಕ್ಕಳೇ ಇಂಥ ಹೊಂಡದ ಬಳಿ ಆಡುವವರು. ಬೇಲಿಯ ಜತೆಗೆ ನಾಲ್ಕೂ ಬದಿಯಿಂದ ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿಗಿಳಿಸಿ ಗೂಟಕ್ಕೆ ಕಟ್ಟಿ, ಗಾಳಿ ತುಂಬಿದ ಹಳೆಯ ಟ್ಯೂಬೊಂದು ತೇಲುತ್ತಿರಲಿ.

ಗುಳೆ ಹೋಗುವ ಮೊದಲು ಹೊಂಡದಲ್ಲಿ ಒಂದು ಅಡಿ ನೀರು ಉಳಿಸಿ ಹೋಗಿ, ಅದರ ಭಾರಕ್ಕೆ ಹಾಳೆ ಮೇಲೇಳುವುದಿಲ್ಲ. ಆ ನೀರೂ ಬೇಸಿಗೆಯಲ್ಲಿ ಆರುವುದರಿಂದ ತಳದಲ್ಲಿ ಮಣ್ಣು ತುಂಬಿದ ಗೊಬ್ಬರದ ಚೀಲ ಹತ್ತಿಪ್ಪತ್ತು ಇಡಿ, ಚೂಪು ಕಲ್ಲು ಬೇಡ. ಮೇಲಂಚಿಗೆ ಜೋಳದ ಸೊಪ್ಪೆ ಹೊದಿಸಿ. ಉಗಾದಿಗೆ, ಜಾತ್ರೆಗೆ ಎಂದು ಹೇಗೂ ಊರಿಗೆ ಬರುತ್ತೀರಿ. ಆ ನಾಲ್ಕು ದಿನದಲ್ಲಿ ಎರಡು ದಿನ ಹೊಂಡಕ್ಕೆ ಕೊಡಿ. ನಾಲ್ಕು ಜನ ಸೇರಿ ಹೂಳಿನ ಗುಂಡಿ ಬಗೆದು, ಹೊಂಡದೊಳಗಿನ ಹೂಳನ್ನು ಪ್ಲಾಸ್ಟಿಕ್ ಪುಟ್ಟಿಯಿಂದ ಬಳಿದು ತೆಗೆಯಿರಿ, ಸಲಿಕೆ ಒಳಗೆ ಇಳಿಯಕೂಡದು. ಸೈಕಲ್ ಟ್ಯೂಬಿನ ಪಂಕ್ಚರ್ ಸೊಲ್ಯೂಷನ್ ಈ ಹಾಳೆಗೆ ಹಿಡಿಯುವುದಿಲ್ಲ, ಬಿಸಿಗಾಳಿ ಗನ್ನಿನಿಂದ ಅದೇ ಹಾಳೆಯ ತುಂಡನ್ನು ಬೆಸೆಯಬೇಕು. ಅದಕ್ಕಾಗಿ ಹಾಸುವ ದಿನವೇ ಎರಡು ಮೀಟರ್ ತುಂಡು ಕೇಳಿ ಇಟ್ಟುಕೊಂಡಿರಿ. ಊರಿನ ಹತ್ತು ಹೊಂಡಗಳವರು ಸೇರಿ ಒಂದೇ ದಿನ ಬೆಸೆಯುವವನನ್ನು ಕರೆಸಿದರೆ ಅವನೂ ಬರುತ್ತಾನೆ, ಖರ್ಚೂ ಹಂಚಿಹೋಗುತ್ತದೆ. ತೆಗೆದ ಹೂಳನ್ನು ಎಸೆಯದೆ ಕೊರಕಲು ಬಿದ್ದ ಬದುವಿಗೆ ಹಾಕಿ, ಅದು ನಿಮ್ಮದೇ ಹೊಲದ ಮೇಲ್ಮಣ್ಣು.