ಔಟ್‌ಡೋರ್ ಎಲ್ಲಿ ಕೂರುತ್ತದೆ ಅಂತ ನೋಡದೆ ಎಸಿ ತಗೊಂಡವನ ಕತೆ

ಅಪಾರ್ಟ್‌ಮೆಂಟಿಗೆ ಎಸಿ ಹಾಕಿಸಬೇಕು ಅಂತಿರುವವರು ಹಣ ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನಾನು ಮೊದಲು ಮೆಷಿನ್ ಆರಿಸಿದೆ, ಆಮೇಲೆ ಅದರ ಔಟ್‌ಡೋರ್ ಯೂನಿಟ್ ಇಡಲು ಜಾಗ ಹುಡುಕಿದೆ. ಎಡವಟ್ಟಾಗಿದ್ದು ಅಲ್ಲೇ. ಎರಡು ಬೇಸಿಗೆ ಒದ್ದಾಡಿ, ಈಗ ಅದೇ ಮನೆಗೆ ಎರಡನೇ ಸಲ ಎಸಿ ಹಾಕಿಸಿದ್ದೇನೆ.

ನಮ್ಮದು ನಾಲ್ಕನೇ ಮಹಡಿ. ಹಾಲ್, ಎರಡು ಬೆಡ್‌ರೂಮ್, ಮುಂದೆ ಒಂದು ಬಾಲ್ಕನಿ, ಅಡುಗೆಮನೆ ಹಿಂದೆ ಬಟ್ಟೆ ಒಗೆಯುವ ಸಣ್ಣ ಯುಟಿಲಿಟಿ. ಅಂಗಡಿಯವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ರೂಮು, ಎಷ್ಟು ಚದರಡಿ? ಕಿಟಕಿ ಯಾವ ಕಡೆಗಿದೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ, ಮೇಲೆ ಇನ್ನೊಂದು ಮನೆ ಇದೆಯೋ ಬರೀ ತಾರಸಿಯೋ, ಇದ್ಯಾವುದನ್ನೂ ಕೇಳಲಿಲ್ಲ. "ಮೂರು ಎಸಿಗೆ ಮೂರು ಔಟ್‌ಡೋರ್ ಬೇಕು ಸಾರ್, ಬಾಲ್ಕನಿ ತುಂಬಿಹೋಗುತ್ತೆ. ಮಲ್ಟಿ ಸ್ಪ್ಲಿಟ್ ತಗೊಳ್ಳಿ, ಹೊರಗೆ ಒಂದೇ ಪೆಟ್ಟಿಗೆ, ಒಳಗೆ ಮೂರು" ಅಂದರು. ಕೇಳಲು ಚೆನ್ನಾಗಿತ್ತು. ಸಣ್ಣ ಬೆಡ್‌ರೂಮಿಗೂ ಒಂದೂವರೆ ಟನ್ನೇ ಇರಲಿ, ಬೇಗ ತಣ್ಣಗಾಗುತ್ತೆ ಅಂದರು. ಅದಕ್ಕೂ ತಲೆಯಾಡಿಸಿದೆ. ಹೊರಗಿನ ಪೆಟ್ಟಿಗೆ 3 ಟನ್ನಿನದು.

ಮೆಷಿನ್ ಬಂದ ದಿನ ಫಿಟ್ಟಿಂಗ್‌ನವರು ಬಾಲ್ಕನಿ ಗೋಡೆಗೆ ಡ್ರಿಲ್ ಹಿಡಿದರು. ಹತ್ತು ನಿಮಿಷದಲ್ಲಿ ಸೆಕ್ಯುರಿಟಿಯವರು ಮೇಲೆ ಬಂದರು. ಕಟ್ಟಡದ ಮುಂಭಾಗದಲ್ಲಿ ಏನನ್ನೂ ತೂಗುಹಾಕುವಂತಿಲ್ಲವಂತೆ. ಮನೆಗೆ ಬರುವಾಗ ನಾನೇ ಸಹಿ ಮಾಡಿದ ಕಾಗದದಲ್ಲಿ ಅದು ಇತ್ತು. ಓದಿರಲಿಲ್ಲ, ಅಷ್ಟೇ. ಅಸೋಸಿಯೇಷನ್ ತೋರಿಸಿದ ಜಾಗ ಹಿಂದಿನ ಡಕ್ಟ್. ಬಚ್ಚಲುಮನೆ ಕಿಟಕಿಗಳೆಲ್ಲ ತೆರೆದುಕೊಳ್ಳುವ, ಕೆಳಗಿನಿಂದ ಮೇಲಿನವರೆಗೆ ಬಾವಿಯಂತಿರುವ ಸಂದು. ಆಗಲೇ ಅಲ್ಲಿ ಬೇರೆ ಮನೆಗಳ ಐದಾರು ಔಟ್‌ಡೋರ್‌ಗಳು ನೇತಾಡುತ್ತಿದ್ದವು. ಅಲ್ಲಿಗೇ ನಿಲ್ಲಿಸಿ ಮೆಷಿನ್ ವಾಪಸ್ ಕೊಡಬಹುದಿತ್ತು. ಬಂದವರನ್ನು ವಾಪಸ್ ಕಳಿಸಲು ಸಂಕೋಚವಾಗಿ "ಆಯ್ತು, ಅಲ್ಲೇ ಹಾಕಿ" ಅಂದುಬಿಟ್ಟೆ.

ಬಾಲ್ಕನಿಯಲ್ಲಿಟ್ಟಿದ್ದರೆ ಹಾಲಿನ ಪೈಪು ಐದು ಮೀಟರಿಗೆ ಮುಗಿಯುತ್ತಿತ್ತು. ಈಗ ಹದಿನೆಂಟು ಮೀಟರ್ ಆಯಿತು. ಮಲ್ಟಿ ಸ್ಪ್ಲಿಟ್‌ನಲ್ಲಿ ಪೆಟ್ಟಿಗೆ ಒಂದೇ ಆದರೂ ಪ್ರತಿ ರೂಮಿಗೂ ಬೇರೆಯೇ ಜೋಡಿ ತಾಮ್ರದ ಪೈಪು ಹೋಗಬೇಕು. ಮೂರು ಜೋಡಿ ಪೈಪು ಮನೆಯೆಲ್ಲ ಸುತ್ತಿದವು. ಮೆಷಿನ್‌ನಲ್ಲಿ ಗ್ಯಾಸ್ ತುಂಬಿ ಕಳಿಸುವುದು ಇಂತಿಷ್ಟು ಮೀಟರ್ ಪೈಪಿಗೆ ಅಂತ ಲೆಕ್ಕ ಹಾಕಿ. ಪೈಪು ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಂ ಅಂತ ತೂಕ ಮಾಡಿ ಸೇರಿಸಬೇಕು. ಆ ಲೆಕ್ಕ ಮ್ಯಾನುಯಲ್‌ನಲ್ಲೇ ಇರುತ್ತದೆ. ನಮ್ಮ ಮನೆಗೆ ಬಂದವರ ಕೈಯಲ್ಲಿ ತಕ್ಕಡಿಯೇ ಇರಲಿಲ್ಲ. ವ್ಯಾಕ್ಯೂಮ್ ಪಂಪೂ ಇರಲಿಲ್ಲ. ವಾಲ್ವ್ ಸ್ವಲ್ಪ ತಿರುಗಿಸಿ, ಮೆಷಿನ್‌ನಲ್ಲಿದ್ದ ಗ್ಯಾಸನ್ನೇ ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳಿದರು. ಪೈಪಿನೊಳಗೆ ಗಾಳಿಯ ಜೊತೆ ತೇವವೂ ಇರುತ್ತದೆ. ಪಂಪ್ ಹಾಕಿ ಎಳೆಯದೆ ಅದು ಪೂರ್ತಿ ಹೋಗುವುದಿಲ್ಲ. ಉಳಿದ ತೇವ ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ, ನಿಧಾನಕ್ಕೆ ಒಳಗೊಳಗೇ ತಿನ್ನುತ್ತದೆ. ಅದೂ ಅಲ್ಲದೆ ಈ ಮೆಷಿನ್‌ನಲ್ಲಿದ್ದ ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಮುಚ್ಚಿದ ಸಂದಿನಲ್ಲಿ ಅದನ್ನು ಹೀಗೆ ಬಿಡುವವರನ್ನು ಮನೆಯೊಳಗೇ ಬಿಟ್ಟುಕೊಳ್ಳಬಾರದಿತ್ತು. ಆ ದಿನ ನನಗೆ ಇದೊಂದೂ ಗೊತ್ತಿರಲಿಲ್ಲ. ಕೆಲಸ ಬೇಗ ಮುಗಿಯಿತಲ್ಲ ಅಂತ ಖುಷಿಪಟ್ಟೆ!

ಚಳಿಗಾಲ ಕಳೆಯುವವರೆಗೆ ಎಲ್ಲ ಸರಿ ಇತ್ತು. ಬೇಸಿಗೆಯ ಮೊದಲ ವಾರವೇ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಔಟ್‌ಡೋರ್ ಟ್ರಿಪ್ ಆಯಿತು. ಪೆಟ್ಟಿಗೆ ಒಂದೇ ಅಲ್ವಾ? ಮೂರೂ ರೂಮು ಒಟ್ಟಿಗೇ ಕೈಕೊಟ್ಟವು. ಅರ್ಧ ಗಂಟೆ ಬಿಟ್ಟು ಹಾಕಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು "ಗ್ಯಾಸ್ ಕಮ್ಮಿ ಆಗಿದೆ" ಅಂತ ತುಂಬಿಸಿ ಹೋದರು. ಎರಡು ವಾರಕ್ಕೆ ಮತ್ತೆ ಅದೇ ಪಾಡು. ಇಲ್ಲೊಂದು ಮಾತು: ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಎಂದರೆ ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೋ ಮೊದಲೇ ಸರಿಯಾಗಿ ತುಂಬಿಲ್ಲ. ಸೋರಿಕೆ ಹುಡುಕದೆ ಬರೀ ತುಂಬಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ.

ಗ್ಯಾಸ್ ಅರ್ಧ ಸಮಸ್ಯೆ ಮಾತ್ರ. ಒಂದು ಮಧ್ಯಾಹ್ನ ಸುಮ್ನೆ ಕುತೂಹಲಕ್ಕೆ ಬಚ್ಚಲು ಕಿಟಕಿಯಿಂದ ಥರ್ಮಾಮೀಟರ್‌ಗೆ ದಾರ ಕಟ್ಟಿ ಡಕ್ಟ್‌ಗೆ ಇಳಿಬಿಟ್ಟೆ. ಬಾಲ್ಕನಿಯಲ್ಲಿ 36 ಡಿಗ್ರಿ ಇತ್ತು. ಡಕ್ಟ್‌ನಲ್ಲಿ 49! ನನ್ನ ಮೆಷಿನ್‌ನ ಮಿತಿ 46 ಎಂದು ಮ್ಯಾನುಯಲ್‌ನಲ್ಲಿ ಬರೆದಿತ್ತು. ಡಬ್ಬದ ಮೇಲಿನ ಟನ್ ಲೆಕ್ಕವೂ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ಹೊರಗೆ ಬಿಸಿ ಏರಿದಷ್ಟೂ ಮೆಷಿನ್ ಕೊಡುವ ತಂಪು ಇಳಿಯುತ್ತದೆ, ಕರೆಂಟು ಮಾತ್ರ ಜಾಸ್ತಿ ತಿನ್ನುತ್ತದೆ.

ಯಾಕೆ ಹೀಗೆ ಅಂತ ಲೆಕ್ಕ ಹಾಕಿ ನೋಡಿದೆ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಹೊತ್ತು ಹಾಕುತ್ತದೆ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಅಂದಾಜು ಮೂರೂವರೆ ಕಿಲೋವ್ಯಾಟ್ ಬಿಸಿ. ನನ್ನ 3 ಟನ್ ಪೂರ್ತಿ ಓಡಿದರೆ ಹತ್ತೂವರೆ ಕಿಲೋವ್ಯಾಟ್. ಅದರ ಮೇಲೆ ಕಂಪ್ರೆಸರ್ ತಿಂದ ಕರೆಂಟಿನ ಬಿಸಿಯೂ ಹೊರಗೇ ಹೋಗಬೇಕು. ಎಲ್ಲ ಸೇರಿ ಸಾವಿರ ವ್ಯಾಟಿನ ಹದಿಮೂರು ಹೀಟರ್‌ಗಳನ್ನು ಆ ಸಂದಿನಲ್ಲಿ ಹಚ್ಚಿಟ್ಟ ಹಾಗೆ. ನನ್ನೊಬ್ಬನದೇ ಇಷ್ಟು. ಕೆಳಗಿನ ಮನೆಗಳ ಬಿಸಿಗಾಳಿಯೂ ಮೇಲೇರಿ ನನ್ನ ಪೆಟ್ಟಿಗೆಯ ಬೆನ್ನಿಗೇ ಬರುತ್ತಿತ್ತು. ಅದು ಎಳೆದುಕೊಳ್ಳುತ್ತಿದ್ದುದು ಪಕ್ಕದವರು ಉಗುಳಿದ ಗಾಳಿ.

ರಾತ್ರಿಯದು ಬೇರೆಯೇ ಕತೆ. ಬಿಸಿ ಇಳಿದ ಮೇಲೆ ಮೆಷಿನ್ ಓಡುತ್ತಿತ್ತು, ಆದರೆ ಸಣ್ಣ ಬೆಡ್‌ರೂಮಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ರಿಮೋಟ್ 24 ತೋರಿಸುತ್ತದೆ, ಮೈ ಮಾತ್ರ ಅಂಟಂಟು. ಹೊದಿಕೆ ಹೊದ್ದರೆ ಸೆಖೆ, ತೆಗೆದರೆ ಚಳಿ. ಒಂದೆರಡು ತಿಂಗಳಲ್ಲಿ ಕಪಾಟಿನ ಹಿಂದೆ ಬೂಷ್ಟು ಬಂತು. ಅದಕ್ಕೆ ಕಾರಣ ಆ ಒಂದೂವರೆ ಟನ್. ರೂಮಿಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಐದೇ ನಿಮಿಷದಲ್ಲಿ ಗಾಳಿ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಗಾಳಿಯಲ್ಲಿನ ತೇವ ಕಾಯಿಲ್ (ಒಳಗಿನ ತಣ್ಣನೆಯ ಪೈಪಿನ ಸುರುಳಿ) ಮೇಲೆ ನೀರಾಗಿ ಇಳಿಯಬೇಕಾದರೆ ಮೆಷಿನ್ ಹೆಚ್ಚು ಹೊತ್ತು ಓಡಬೇಕು. 1902ರಲ್ಲಿ ವಿಲಿಸ್ ಕ್ಯಾರಿಯರ್ ತಮ್ಮ ಮೊದಲ ಯಂತ್ರವನ್ನು ವಿನ್ಯಾಸ ಮಾಡಿದ್ದು ಬ್ರೂಕ್ಲಿನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲವಂತೆ. ತೇವ ತೆಗೆಯುವುದಕ್ಕೇ ಹುಟ್ಟಿದ ಯಂತ್ರ, ನಮ್ಮ ಮನೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದು ಮಾಡುತ್ತಿತ್ತು.

"ಇನ್ವರ್ಟರ್ ಇದೆಯಲ್ಲ, ತಾನೇ ನಿಧಾನವಾಗುತ್ತೆ" ಅಂತ ಅಂಗಡಿಯವರು ಹೇಳಿದ್ದರು. ಎಸಿಯಲ್ಲಿ ಇನ್ವರ್ಟರ್ ಅಂದರೆ ಕರೆಂಟ್ ಹೋದಾಗ ಓಡುವ ಬ್ಯಾಟರಿಯಲ್ಲ, ಕಂಪ್ರೆಸರ್ ವೇಗವನ್ನು ಹೆಚ್ಚು ಕಮ್ಮಿ ಮಾಡುವ ವ್ಯವಸ್ಥೆ. ಅವರು ಹೇಳಿದ್ದು ನಿಜ, ಆದರೆ ಅದಕ್ಕೂ ಒಂದು ತಳ ಇದೆ. ಮೂರು ರೂಮಿಗಾಗಿ ಮಾಡಿದ ಕಂಪ್ರೆಸರ್ ಒಂದು ಸಣ್ಣ ರೂಮಿಗೆ ಬೇಕಾದಷ್ಟು ಕೆಳಗೆ ಇಳಿಯಲಾರದೆ, ನಿಂತು ಓಡಿ, ನಿಂತು ಓಡಿ ಮಾಡುತ್ತದೆ. ಸ್ಪೆಸಿಫಿಕೇಷನ್ ಹಾಳೆಯಲ್ಲಿ ಕನಿಷ್ಠ ಕೆಪಾಸಿಟಿ ಎಂಬ ಸಾಲು ಇರುತ್ತದೆ. ಮಲ್ಟಿ ಸ್ಪ್ಲಿಟ್ ನೋಡುತ್ತಿರುವವರು ಮೊದಲು ಆ ಸಾಲು ಓದಿ. ರಾತ್ರಿ ಒಂದೇ ರೂಮಿನಲ್ಲಿ ಎಸಿ ಹಾಕುವ ಮನೆಗೆ ಅದರಿಂದ ಲಾಭವಿಲ್ಲ ಅಂತಲೇ ನನ್ನ ಅಭಿಪ್ರಾಯ.

ನೀರಿನದು ಇನ್ನೊಂದು ರಗಳೆ. ಡ್ರೈನ್ ಪೈಪು ಫಾಲ್ಸ್ ಸೀಲಿಂಗ್ ಒಳಗೆ ಹೋಗಿತ್ತು, ನಡುವೆ ಒಂದು ಕಡೆ ಜೋತುಬಿದ್ದಿತ್ತು. ತೇವ ಹೆಚ್ಚಿರುವ ದಿನ ಒಂದೂವರೆ ಟನ್ ಎಸಿಯಿಂದ ಗಂಟೆಗೆ ಒಂದು ಲೀಟರಿಗೂ ಜಾಸ್ತಿ ನೀರು ಬರಬಹುದು. ಇಳಿಜಾರು ಸರಿಯಿಲ್ಲದಿದ್ದರೆ ಅದು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ನಮ್ಮಲ್ಲಿ ಅದು ಕೆಳಗಿನ ಮನೆಯ ಗೋಡೆಗೆ ಹೋಯಿತು. ಕೆಳಗಿನ ಮನೆಯ ಆಂಟಿ ಒಳ್ಳೆಯವರು, ಜಗಳ ಮಾಡಲಿಲ್ಲ. ಸುಮ್ಮನೆ ಕರೆದು ಗೋಡೆ ತೋರಿಸಿದರು. ಜಗಳ ಮಾಡಿದ್ದರೇ ವಾಸಿ ಇತ್ತು.

ಸರ್ವಿಸ್‌ಗೆ ಬಂದವರು ಡಕ್ಟ್ ಇಣುಕಿ ನೋಡಿ ವಾಪಸ್ ಹೋಗುತ್ತಿದ್ದರು. ನಾಲ್ಕನೇ ಮಹಡಿಯ ಎತ್ತರದಲ್ಲಿ, ನಿಲ್ಲಲು ಒಂದು ಹಲಗೆಯೂ ಇಲ್ಲದ ಕಡೆ ಯಾರು ಇಳಿಯುತ್ತಾರೆ? ಇಳಿಯುತ್ತೇನೆ ಅಂದವರ ಹತ್ತಿರ ಸೊಂಟಕ್ಕೆ ಕಟ್ಟುವ ಬೆಲ್ಟ್ ಇರಲಿಲ್ಲ. ನಾನೇ ಬೇಡ ಅಂದೆ. ಹೀಗಾಗಿ ಎರಡು ವರ್ಷ ಔಟ್‌ಡೋರ್ ಕಾಯಿಲ್ ತೊಳೆದದ್ದೇ ಇಲ್ಲ. ಕಂಪನಿಗೆ ದೂರು ಕೊಟ್ಟರೆ "ಮೆಷಿನ್‌ನಲ್ಲಿ ದೋಷವಿಲ್ಲ, ಹಾಕಿದ ಜಾಗ ಸರಿಯಿಲ್ಲ" ಎಂಬ ಉತ್ತರ ಬಂತು. ಕೋಪ ಬಂದರೂ ಹೇಳುತ್ತೇನೆ, ಅವರು ಹೇಳಿದ್ದು ಸುಳ್ಳಲ್ಲ.

ನಡುವೆ ಒಂದು ತಿಂಗಳು ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಪೋರ್ಟಬಲ್ ಎಸಿಯನ್ನೂ ತಂದಿಟ್ಟುಕೊಂಡಿದ್ದೆ. ಒಂದೇ ಕೊಳವೆಯದು. ರೂಮಿನ ಗಾಳಿಯನ್ನೇ ಎಳೆದು ಹೊರಗೆ ದೂಡುತ್ತದೆ, ಅಷ್ಟೇ ಬಿಸಿಗಾಳಿ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ. ಗದ್ದಲ ಬೇರೆ. ಅದರ ಬಗ್ಗೆ ಇಷ್ಟು ಸಾಕು.

ಎರಡನೇ ಸಲ ಅಂಗಡಿಗೆ ಹೋಗುವ ಮೊದಲು ಅಸೋಸಿಯೇಷನ್‌ನಿಂದ ಎಲ್ಲಿ ಇಡಬಹುದು ಅಂತ ಬರವಣಿಗೆಯಲ್ಲಿ ತಗೊಂಡೆ. ಯುಟಿಲಿಟಿಯಲ್ಲಿ ಇಡಬಹುದು, ಒಂದು ಮಗ್ಗುಲು ಪೂರ್ತಿ ಬಯಲು. ಅಂದಕ್ಕೆ ಹಾಕಿದ್ದ ಒತ್ತೊತ್ತು ಪಟ್ಟಿಯ ಜಾಲರಿ ಮಾತ್ರ ಗಾಳಿಗೆ ಅಡ್ಡ ಇತ್ತು, ಅಷ್ಟು ಭಾಗ ತೆಗೆಯಲು ಅನುಮತಿ ಕೇಳಿದೆ. ಟೇಪ್ ಹಿಡಿದು ಎರಡು ಔಟ್‌ಡೋರ್ ಒಂದರ ಮೇಲೊಂದು ಸ್ಟ್ಯಾಂಡಿನಲ್ಲಿ ಹಿಡಿಯುತ್ತವೆ ಅಂತ ಅಳೆದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಎರಡಕ್ಕೂ ಬೇರೆ ಬೇರೆ ಲೈನು, ಬೇರೆ ಎಂಸಿಬಿ ಹಾಕಿಸಿದೆ. ಆಮೇಲೇ ಮೆಷಿನ್: ಪಶ್ಚಿಮದ ಬಿಸಿಲು ಬೀಳುವ ಹಾಲಿಗೆ ಒಂದೂವರೆ ಟನ್, ನಾವು ಮಲಗುವ ಸಣ್ಣ ಬೆಡ್‌ರೂಮಿಗೆ ಒಂದು ಟನ್, ಎರಡೂ ಬೇರೆ ಬೇರೆ ಸ್ಪ್ಲಿಟ್. ಇನ್ನೊಂದು ರೂಮಿಗೆ ಫ್ಯಾನೇ ಸಾಕು. ಫಿಟ್ಟಿಂಗ್‌ನವರು ಬಂದಾಗ ಬಾಗಿಲಲ್ಲೇ ಕೇಳಿದೆ, "ವ್ಯಾಕ್ಯೂಮ್ ಪಂಪ್ ತಂದಿದ್ದೀರಾ?" ತಂದಿದ್ದರು. ಡ್ರೈನ್ ಪೈಪಿಗೆ ಒಂದು ಬಕೆಟ್ ನೀರು ಸುರಿದು, ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸೀಲಿಂಗ್ ಮುಚ್ಚಲು ಬಿಟ್ಟೆ.

ಹಳೆಯ 3 ಟನ್ ಪೆಟ್ಟಿಗೆ ಇನ್ನೂ ಡಕ್ಟ್‌ನಲ್ಲೇ ನೇತಾಡುತ್ತಿದೆ. ಇಳಿಸಲು ಯಾರೂ ಒಪ್ಪುತ್ತಿಲ್ಲ. ಬೇಗ ತೆಗೆಸಿ ಅಂತ ಅಸೋಸಿಯೇಷನ್‌ನಿಂದ ಎರಡನೇ ನೋಟಿಸ್ ಬಂದಿದೆ.