ಮೂರು ಪೆಪಿನ್‌ಗಳೂ ಒಂದು ಸ್ಪೈರಲ್ ಬೈಂಡಿಂಗೂ

ಹಾಸನದ ಎನ್.ಆರ್. ಸರ್ಕಲ್‌ನಿಂದ ನಡೆದೇ ಹೋಗಬಹುದಾದ ಒಂದು ಗಲ್ಲಿಯಲ್ಲಿರುವ ಜೆರಾಕ್ಸ್ ಅಂಗಡಿ ಇದು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಮಾಡಿದೆ ಅಂತ ಹೇಳಬೇಕು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಕೌಂಟರಿನಲ್ಲಿ ನಿಲ್ಲುವ ಹುಡುಗನಿಗೆ ಓನರಿನಿಂದ ಬೈಗುಳ ಬೀಳುತ್ತದೆ. ಪಹಣಿ, ಆಧಾರ್, ಪ್ರಾಜೆಕ್ಟ್ ರಿಪೋರ್ಟ್ ಅಂತ ಓಡಾಡುವವರಿಗೆ ಯಾವ ಅಂಗಡಿ ಅಂತ ಹೇಗೂ ಗೊತ್ತಾಗುತ್ತದೆ.

ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಿ ಆದವಳು. ತಿಂಗಳಿಗೊಂದು ಭಾನುವಾರ ಏಳೆಂಟು ಗೆಳತಿಯರು ಸೇರುತ್ತೇವೆ. ಹೋದ ಸಲ ಶೆಟ್ಟಿಹಳ್ಳಿಯ ಮುಳುಗುವ ಚರ್ಚಿಗೆ ಹೋಗಿದ್ದೆವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ನೀರೊಳಗೆ ನಿಲ್ಲುತ್ತದೆ. ಅಲ್ಲಿ ಪುಳಿಯೋಗರೆ ತಿನ್ನುತ್ತಾ ಒಬ್ಬಳು ಕೇಳಿದಳು, "ಅಲ್ಲ ಕಣೇ, ಈ ಬಿಷಪ್‌ಗಳು ರಾಜಕೀಯಕ್ಕೆ ಬಂದಿದ್ದು ಯಾವಾಗ?" ಸುಮ್ನೆ ಏನೋ ಹೇಳಿ ಮುಗಿಸಬಹುದಿತ್ತು. ಆದರೆ ಮೇಷ್ಟ್ರ ಚಟ ಬಿಡುತ್ತದೆಯೇ? ಮುಂದಿನ ಭಾನುವಾರ ಹೇಳುತ್ತೇನೆ ಅಂದೆ. ಫ್ರಾನ್ಸ್ ಅನ್ನುವ ಹೆಸರಿಗೆ ಕಾರಣರಾದ ಫ್ರಾಂಕರ ಕಾಲಕ್ಕೇ ಹೋಗಿ, ಆರ್ನುಲ್ಫ್ ಅನ್ನುವ ಒಬ್ಬ ಶ್ರೀಮಂತನನ್ನು ಹಿಡಿದುಕೊಂಡೆ.

ಅಳಿಯ ನಾಲ್ಕು ಪಿಡಿಎಫ್ ಕಳಿಸಿದ. ಒಂದು ಆರ್ನುಲ್ಫ್‌ದು, 58 ಪುಟ. ಉಳಿದ ಮೂರು, ಮೂರು ಜನ ಪೆಪಿನ್‌ಗಳದ್ದು, ತಲಾ 52 ಪುಟ. ಮೊಬೈಲಿನಲ್ಲಿ ಓದಲು ಕಣ್ಣು ಬಿಡುವುದಿಲ್ಲ. ಅಂಗಡಿ ನಂಬರಿಗೆ ವಾಟ್ಸಾಪ್ ಮಾಡಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪ್ರಿಂಟ್ ಚೆನ್ನಾಗಿದೆ. ಪುಟದ ಕೆಳಗಿನ ಸಾಸಿವೆ ಕಾಳಿನಂಥ ಅಕ್ಷರವೂ ಒಡೆದಿಲ್ಲ. ಹಾಳೆ ತೆಳು ಅಲ್ಲ, ಎರಡೂ ಕಡೆ ಹೊಡೆದರೂ ಹಿಂದಿನದು ಮುಂದೆ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹುಡುಗ ಒಂದು ಹಾಳೆ ತೆಗೆದು ಎಡಗಡೆ ಅಂಚನ್ನು ಹೆಬ್ಬೆರಳಿನಲ್ಲಿ ಅಳೆದು ನೋಡಿದ. "ಮೇಡಂ, ಜಾಗ ಕಮ್ಮಿ ಇದೆ. ಹಿಂಗೇ ಹೊಡೆದ್ರೆ ತೂತು ಹಾಕುವಾಗ ಅಕ್ಷರ ಹೋಗುತ್ತೆ. ಸ್ವಲ್ಪ ಚಿಕ್ಕದು ಮಾಡ್ಲಾ?" ಅಂದ. ಬೇರೆ ಅಂಗಡಿಯಲ್ಲಿ ಸಾಲಿನ ಮೊದಲ ಅಕ್ಷರಗಳನ್ನೆಲ್ಲ ಕಳೆದುಕೊಂಡ ನೋವು ನನಗೆ ಗೊತ್ತು. ಪುಟಕ್ಕೆ ಒಂದೂವರೆ ರೂಪಾಯಿ, 214 ಪುಟಕ್ಕೆ 321. ಸ್ಪೈರಲ್‌ಗೆ 60. ಒಂದು ರೂಪಾಯಿ ಚಿಲ್ಲರೆ ಬಿಟ್ಟ.

ಮನೆಗೆ ಬಂದು, ಕಾಫಿ ಮಾಡಿಕೊಂಡು, ಓದಲು ಕೂತೆ.

ಆರ್ನುಲ್ಫ್ ಭಾಗ ಸರಿಯಾಗಿತ್ತು. ಮನುಷ್ಯ ಹುಟ್ಟಿದ್ದು 582ರ ಸುಮಾರಿಗೆ. ಫ್ರಾಂಕರ ರಾಜ್ಯ ಆಗ ಅಣ್ಣತಮ್ಮಂದಿರ ಆಸ್ತಿಯ ಹಾಗೆ ಭಾಗವಾಗಿತ್ತು. ಪೂರ್ವದ ಭಾಗ ಆಸ್ಟ್ರೇಸಿಯಾ. ಅಲ್ಲಿಯ ರಾಜ ಎರಡನೇ ಥ್ಯೂಡೆಬರ್ಟನ ಆಸ್ಥಾನದಲ್ಲಿ ಇವನಿಗೆ ನೌಕರಿ. ಮುಂದೆ ಆರು ಜನ ಅಧಿಕಾರಿಗಳು ಹಂಚಿಕೊಂಡು ಮಾಡಿದ ಕೆಲಸವನ್ನು ಇವನೊಬ್ಬನೇ ನಿಭಾಯಿಸುತ್ತಿದ್ದ ಅಂತ ಅವನ ಚರಿತ್ರೆ ಬರೆದವರು ಹೊಗಳಿದ್ದಾರೆ. ಹೆಂಡತಿ ಮಕ್ಕಳಿದ್ದ ಸಂಸಾರಿ.

613ರಲ್ಲಿ ದೊಡ್ಡ ಗಲಾಟೆ. ಮುದುಕಿ ರಾಣಿ ಬ್ರುನ್‌ಹಿಲ್ಡ್ ತನ್ನ ಮರಿಮೊಮ್ಮಗನನ್ನು ಗದ್ದುಗೆಗೆ ಕೂರಿಸಿ ತಾನೇ ಆಳಲು ಹೊರಟಳು. ಆಸ್ಟ್ರೇಸಿಯಾದ ಶ್ರೀಮಂತರಿಗೆ ಇದು ಬೇಡವಾಗಿತ್ತು. ಆರ್ನುಲ್ಫನೂ ಪೆಪಿನ್ ಅನ್ನುವ ಇನ್ನೊಬ್ಬ ಜಮೀನ್ದಾರನೂ ಪಕ್ಕದ ರಾಜ ಎರಡನೇ ಕ್ಲೋಥಾರನನ್ನು ಕರೆಸಿಕೊಂಡರು. ಬ್ರುನ್‌ಹಿಲ್ಡ್ ಸಿಕ್ಕಿಬಿದ್ದಳು. ಅವಳನ್ನು ಮೂರು ದಿನ ಹಿಂಸಿಸಿ, ಒಂಟೆಯ ಮೇಲೆ ಮೆರವಣಿಗೆ ಮಾಡಿ, ಕಡೆಗೆ ಕುದುರೆಗೆ ಕಟ್ಟಿ ಎಳೆಸಿದರು. ಇದಾದ ವರ್ಷದೊಳಗೇ ಆರ್ನುಲ್ಫ್ ಮೆಟ್ಸ್ ಪಟ್ಟಣದ ಬಿಷಪ್ ಆದ. ಅಂದರೆ ಗೆಳತಿ ಕೇಳಿದ ಪ್ರಶ್ನೆಯೇ ತಿರುಗಾಮುರುಗಾ. ಬಿಷಪ್ ರಾಜಕೀಯಕ್ಕೆ ಬಂದಿದ್ದಲ್ಲ, ರಾಜಕೀಯದವನೇ ಬಿಷಪ್ ಆಗಿ ಬಂದಿದ್ದು. ಬಿಷಪ್ ಆದ ಮೇಲೂ ಆಸ್ಥಾನ ಬಿಡಲಿಲ್ಲ. 623ರಲ್ಲಿ ಕ್ಲೋಥಾರ್ ತನ್ನ ಮಗ ದಾಗೋಬರ್ಟನನ್ನು ಆಸ್ಟ್ರೇಸಿಯಾಕ್ಕೆ ರಾಜನನ್ನಾಗಿ ಕಳಿಸಿದಾಗ, ಹುಡುಗನ ಬೆನ್ನಿಗೆ ನಿಂತು ರಾಜ್ಯ ನಡೆಸಿದ್ದು ಆರ್ನುಲ್ಫ್ ಮತ್ತು ಪೆಪಿನ್.

ಇಲ್ಲಿಯವರೆಗೆ ಸರಿ. ಆಮೇಲೆ ಶುರುವಾಯಿತು ನೋಡಿ.

ಪೆಪಿನ್ ಭಾಗಕ್ಕೆ ಬಂದರೆ, 613ರಲ್ಲಿ ಕ್ಲೋಥಾರನನ್ನು ಕರೆಸಿದ ಪೆಪಿನ್, ಹಾಳೆ ತಿರುವಿದ ಕೂಡಲೇ 687ರ ಟೆರ್ಟ್ರಿ ಯುದ್ಧ ಗೆಲ್ಲುತ್ತಿದ್ದಾನೆ. ಇನ್ನೊಂದು ಹಾಳೆ ತಿರುವಿದರೆ 751ರಲ್ಲಿ ರಾಜ ಚಿಲ್ಡೆರಿಕ್‌ನ ಕೂದಲು ಕತ್ತರಿಸಿ ಮಠಕ್ಕೆ ಕಳಿಸಿ ತಾನೇ ಪಟ್ಟ ಏರುತ್ತಿದ್ದಾನೆ. ಮತ್ತೊಂದು ತಿರುವಿದರೆ ವಾಪಸ್ 614. ನನಗೇನು ಅರಳುಮರಳೇ ಅಂತ ಕನ್ನಡಕ ಒರೆಸಿಕೊಂಡೆ. ಪುಟದ ಸಂಖ್ಯೆ ನೋಡಿದೆ. 1, 1, 1. ಆಮೇಲೆ 3, 3, 3. ಆಮೇಲೆ 5, 5, 5.

ಮಾರನೇ ದಿನ ಬೆಳಿಗ್ಗೆ ಬುಕ್ಕು ಹಿಡಿದು ಹೋದೆ. ಹುಡುಗ ನಾಲಿಗೆ ಕಚ್ಚಿಕೊಂಡ. ಪ್ರಿಂಟ್ ಆದ ಕಟ್ಟನ್ನು ಕೌಂಟರ್ ಮೇಲಿಟ್ಟಿದ್ದನಂತೆ. ಫ್ಯಾನ್ ಗಾಳಿಗೆ ಎಲ್ಲ ಕೆಳಗೆ ಹಾರಿತಂತೆ. ಮೇಲುಗಡೆ ಹೆಸರು ನೋಡಿದ, ಪೆಪಿನ್ ಅಂತಿತ್ತು. ಕೆಳಗಡೆ ನಂಬರು ನೋಡಿ ಜೋಡಿಸಿದ. "ಮೂರೂ ಒಂದೇ ಹೆಸರು ಮೇಡಂ, ಮೂರು ಮೂರು ಕಾಪಿ ತೆಗೆಸಿದ್ದೀರಿ ಅಂದ್ಕೊಂಡೆ" ಅಂದ. ಮೂರು ಕಾಪಿ ಆದರೆ ಬೇರೆ ಬೇರೆ ಕಟ್ಟಬೇಕಿತ್ತಲ್ಲ ಮಾರಾಯ, ಅಂದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಒಂದು ನಕ್ಷತ್ರ ಹೋಗಿದ್ದು ಇಲ್ಲೇ. ಫ್ಯಾನಿನ ಕೆಳಗೆ ಹಾಳೆ ಇಟ್ಟವನು ಮೇಲೊಂದು ಪಂಚಿಂಗ್ ಮೆಷಿನ್ನಾದರೂ ಇಡಬೇಕು. ಹಾರಿಹೋದ ಮೇಲಾದರೂ ಗಿರಾಕಿಗೆ ಒಂದು ಫೋನ್ ಮಾಡಬೇಕು.

ಆದರೆ ವಾದ ಮಾಡಲಿಲ್ಲ ಆ ಹುಡುಗ. ಕಟಿಂಗ್ ಪ್ಲೇಯರ್ ತಂದು, ಸ್ಪೈರಲ್‌ನ ಬಗ್ಗಿಸಿದ ತುದಿ ಕತ್ತರಿಸಿ, ಸ್ಕ್ರೂ ಬಿಚ್ಚಿದ ಹಾಗೆ ತಿರುಗಿಸುತ್ತಾ ಪೂರ್ತಿ ಬಿಚ್ಚಿದ. ನನಗೊಂದು ಸ್ಟೂಲ್ ಹಾಕಿದ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನೂ ಇಲ್ಲ, ಬೇರೆ ಗಿರಾಕಿಯೂ ಇಲ್ಲ. ಹಾಳೆ ಜೋಡಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಾ? ಪೆಪಿನ್‌ಗಳ 78 ಹಾಳೆಯನ್ನು ಇಬ್ಬರೂ ಸೇರಿ ಮೂರು ಗುಡ್ಡೆ ಮಾಡಿದೆವು.

"ಯಾವ ಪೆಪಿನ್ ಅಂತ ಹೆಂಗೆ ಗೊತ್ತಾಗುತ್ತೆ ಮೇಡಂ?"

ಹೇಳಿದೆ. ಆರ್ನುಲ್ಫ್ ಹೆಸರು ಬಂದರೆ ಮೊದಲನೆಯವನು. ಅವರಿಬ್ಬರೂ ಬೀಗರು. ಆರ್ನುಲ್ಫನ ಮಗ ಅನ್ಸೆಗಿಸೆಲ್‌ಗೆ ಪೆಪಿನ್ನನ ಮಗಳು ಬೆಗ್ಗಾಳನ್ನು ಕೊಟ್ಟಿದ್ದರು. ಆ ಮದುವೆಯಿಂದ ಹುಟ್ಟಿದವನು ಎರಡನೇ ಪೆಪಿನ್. ತಾಯಿಯ ಕಡೆ ಅಜ್ಜನ ಹೆಸರನ್ನೇ ಇಟ್ಟರು, ನಮ್ಮಲ್ಲಿ ಇಡುವುದಿಲ್ಲವೇ ಹಾಗೆ. ಅವನ ಮಗ ಚಾರ್ಲ್ಸ್ ಮಾರ್ಟೆಲ್. ಚಾರ್ಲ್ಸ್‌ನ ಮಗ ಮೂರನೇ ಪೆಪಿನ್, ರಾಜನಾದವನು. ಅವನ ಮಗನೇ 800ರಲ್ಲಿ ಚಕ್ರವರ್ತಿ ಕಿರೀಟ ಹಾಕಿಕೊಂಡ ಶಾರ್ಲೆಮೇನ್. ಅನ್ಸೆಗಿಸೆಲ್ ನಿಜವಾಗಿ ಆರ್ನುಲ್ಫನ ಮಗನೇ, ಅಥವಾ ವಂಶಕ್ಕೊಬ್ಬ ಸಂತ ಇರಲಿ ಅಂತ ಆಮೇಲಿನವರು ಸೇರಿಸಿಕೊಂಡರೇ ಅಂತ ಇತಿಹಾಸಕಾರರು ಜಗಳ ಆಡುತ್ತಾರೆ, ಅದು ಬೇರೆ ಮಾತು.

"ರಾಜ ಅಲ್ಲದೆ ಮೊದಲು ಏನಾಗಿದ್ರು ಇವ್ರು?" ಅಂದ.

ದಳವಾಯಿ ಕಣಪ್ಪಾ, ಅಂದೆ. ಮೈಸೂರಿನಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲೆ ಕೂತಿದ್ದರೂ ಅಧಿಕಾರ ನಡೆಸಿದ್ದು ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಅಲ್ವಾ? ಹಾಗೇ. ಫ್ರಾಂಕರ ರಾಜರಿಗೆ ಉದ್ದ ಕೂದಲೇ ರಾಜತನದ ಗುರುತು. ಕೂದಲು ಹೋದರೆ ಪಟ್ಟ ಹೋಯಿತು. ಮೊದಲನೇ ಪೆಪಿನ್‌ನ ಮಗ ಗ್ರಿಮೋಲ್ಡ್ ಆತುರಗೇಡಿ. ಎಳೆಯ ರಾಜಕುಮಾರನ ತಲೆ ಬೋಳಿಸಿ ಐರ್ಲೆಂಡಿಗೆ ಅಟ್ಟಿ ತನ್ನ ಮಗನನ್ನೇ ಗದ್ದುಗೆಗೆ ಹತ್ತಿಸಿದ. ಉಳಿಯಲಿಲ್ಲ, ತಲೆ ಹೋಯಿತು. ಸುಮಾರು ನೂರು ವರ್ಷ ಆದ ಮೇಲೆ ಅವನ ಸೋದರಿ ಬೆಗ್ಗಾಳ ವಂಶದವನು, ಮೂರನೇ ಪೆಪಿನ್, ಅದನ್ನೇ ನಾಜೂಕಾಗಿ ಮಾಡಿದ. ಮೊದಲು ಪೋಪ್ ಜಕರಿಯಾಸ್ ಹತ್ತಿರ ಕೇಳಿಸಿದ: ಅಧಿಕಾರ ಇರುವವನೊಬ್ಬ, ಹೆಸರು ಮಾತ್ರ ಇರುವವನೊಬ್ಬ, ಯಾರು ರಾಜನಾಗಬೇಕು? ಅಧಿಕಾರ ಇರುವವನೇ ಅಂತ ಉತ್ತರ ಬಂತು. ಆಮೇಲೆ ಕತ್ತರಿ ತೆಗೆದ.

ಇಷ್ಟು ಹೇಳಿದ ಮೇಲೆ ಹುಡುಗನಿಗೆ ಮನೆತನದ ರಾಜಕಾರಣ ಅಂದರೇನು ಅಂತ ಬಿಡಿಸಿ ಹೇಳಬೇಕಾಗಲಿಲ್ಲ. ಹಾಸನದ ಹುಡುಗ. ನಕ್ಕು ಸುಮ್ಮನಾದ.

ಆದರೆ ಒಂದು ಪ್ರಶ್ನೆ ಕೇಳಿದ. "ಆ ಆರ್ನುಲ್ಫ್ ಸ್ವಾಮಿಗಳಾ, ರಾಜಕಾರಣಿನಾ?" ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. ಅದೇ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದ ಗಂಗರಾಜ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಧರ್ಮಕ್ಕೆ ದುಡ್ಡು ಸುರಿದ ಅಧಿಕಾರಿಗಳು ನಮ್ಮಲ್ಲೂ ಇದ್ದರು, ಆದರೆ ಅವರು ಮಠದ ಪೀಠ ಹತ್ತಲಿಲ್ಲ. ಇವನು ಎರಡು ಕುರ್ಚಿಯ ಮೇಲೂ ಕೂತ, ಅಂದೆ. ಕೂತವನಿಗೆ ನೆಮ್ಮದಿ ಇರಲಿಲ್ಲ. ಒಂದು ಸಲ ಮೊಸೆಲ್ ನದಿಯ ಸೇತುವೆ ದಾಟುವಾಗ, ಪಾಪಭಾರ ತಡೆಯಲಾರದೆ ಉಂಗುರ ತೆಗೆದು ನೀರಿಗೆಸೆದನಂತೆ. ಇದು ವಾಪಸ್ ಸಿಕ್ಕಿದ ದಿನ ದೇವರು ಕ್ಷಮಿಸಿದ ಅಂದುಕೊಳ್ಳುತ್ತೇನೆ ಅಂದನಂತೆ. ಬಿಷಪ್ ಆದ ಮೇಲೆ ಒಂದು ದಿನ ಅಡುಗೆಯವನು ಮೀನು ಸೀಳಿದರೆ ಹೊಟ್ಟೆಯಲ್ಲಿ ಉಂಗುರ.

"ಶಕುಂತಲೆ ಕಥೆ ಅಲ್ವಾ ಮೇಡಂ ಇದು!"

ಹೌದಲ್ಲ! ಇಷ್ಟು ದಿನ ಓದಿದ ನನಗೆ ಹೊಳೆದಿರಲಿಲ್ಲ. ಭಾನುವಾರ ಗೆಳತಿಯರ ಮುಂದೆ ಇದನ್ನು ನನ್ನದೇ ಅಂತ ಹೇಳಿಬಿಟ್ಟೆ, ಪಾಪ.

ಕಡೆಗೆ ಆರ್ನುಲ್ಫ್ ಎಲ್ಲ ಬಿಟ್ಟು ಕಾಡಿಗೆ ಹೋಗುತ್ತೇನೆ ಅಂದ. ದಾಗೋಬರ್ಟ್ ಬಿಡಲಿಲ್ಲ. ಹೋದರೆ ನಿನ್ನ ಮಕ್ಕಳ ತಲೆ ತೆಗೆಸುತ್ತೇನೆ ಅಂತ ಹೆದರಿಸಿದ, ಕತ್ತಿಗೆ ಕೈ ಹಾಕಿದ. ಮಕ್ಕಳ ಪ್ರಾಣ ದೇವರ ಕೈಯಲ್ಲಿದೆ ಅಂದ ಇವನು. 629ರ ಸುಮಾರಿಗೆ ಹೊರಟೇಬಿಟ್ಟ. ವೋಜ್ ಬೆಟ್ಟಗಳಲ್ಲಿ, ಹಿಂದೆ ತನ್ನಂತೆಯೇ ಆಸ್ಥಾನದಲ್ಲಿದ್ದ ಗೆಳೆಯ ರೊಮಾರಿಕ್ ಹತ್ತಿರ ಗುಡಿಸಲು ಹಾಕಿಕೊಂಡ. ಕುಷ್ಠರೋಗಿಗಳ ಕಾಲು ತೊಳೆದ, ಅಡುಗೆ ಮಾಡಿ ಬಡಿಸಿದ. 640ರ ಸುಮಾರಿಗೆ ಅಲ್ಲೇ ತೀರಿಕೊಂಡ. ಬ್ರುನ್‌ಹಿಲ್ಡ್‌ಳ ನೆನಪು ಕಾಡುತ್ತಿತ್ತೋ ಏನೋ. ಅದು ನನ್ನ ಊಹೆ, ಪುಸ್ತಕದ್ದಲ್ಲ. ಹೆಣವನ್ನು ಆಮೇಲೆ ಮೆಟ್ಸ್‌ಗೆ ತಂದರು. ದಾರಿಯಲ್ಲಿ ಬಾಯಾರಿದ ಜನಕ್ಕೆ ಒಂದೇ ಲೋಟ ಬಿಯರ್ ಅಕ್ಷಯಪಾತ್ರೆಯ ಹಾಗೆ ಮುಗಿಯಲೇ ಇಲ್ಲವಂತೆ. ಹಾಗಾಗಿ ಬಿಯರ್ ಮಾಡುವವರಿಗೆ ಇವನೇ ಸಂತ. ಹುಡುಗನಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದು ಅಂತ ಬೇರೆ ಹೇಳಬೇಕಾಗಿಲ್ಲ.

ಕರೆಂಟು ಬಂತು. ಹೊಸ ಸ್ಪೈರಲ್ ಹಾಕಿ, ತುದಿ ಒಳಕ್ಕೆ ಬಗ್ಗಿಸಿದ, ಸೀರೆಗೆ ಸಿಕ್ಕುವುದಿಲ್ಲ. ಬೈಂಡಿಂಗ್‌ಗೆ ಕಾಸು ತೆಗೆದುಕೊಳ್ಳಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಮೇಲೆ ಪ್ರಾಜೆಕ್ಟ್ ರಿಪೋರ್ಟ್ ಹುಡುಗರು ತುಂಬಿಕೊಳ್ಳುತ್ತಾರೆ. ಹಲವು ಫೈಲ್ ಇದ್ದರೆ ಒಂದೇ ಸಲ ಕಳಿಸಬೇಡಿ. ಒಂದು ಕೈಗೆ ಬಂದ ಮೇಲೆ ಇನ್ನೊಂದು ಕಳಿಸಿ. ಹಣ ಕೊಡುವ ಮುಂಚೆ ಪುಟ ತಿರುವಿ ನೋಡಿ, ನನ್ನ ಹಾಗೆ ಬ್ಯಾಗಿಗೆ ಹಾಕಿಕೊಂಡು ಬರಬೇಡಿ.

ಮನೆಗೆ ಬಂದು ನೋಡಿದರೆ, ಮುಂದಿನ ಪ್ಲಾಸ್ಟಿಕ್ ಶೀಟಿನ ಕೆಳಗೆ ನಾನು ಹೇಳದೇ ಇದ್ದ ಒಂದು ಹಾಳೆ. ನುಡಿಯಲ್ಲಿ ದಪ್ಪಕ್ಷರದಲ್ಲಿ ಟೈಪ್ ಮಾಡಿ, ಸುತ್ತ ಹೂವಿನ ಬಾರ್ಡರ್ ಹಾಕಿದ್ದ: "ಆರ್ನುಲ್ಫ್ ಮತ್ತು ಬೀಗರು". ಕಲರ್ ಪ್ರಿಂಟ್ ಅಂತ ಹತ್ತು ರೂಪಾಯಿ ಯಾವುದಕ್ಕೆ ತೆಗೆದುಕೊಂಡ ಅಂತ ಆಗ ಗೊತ್ತಾಯಿತು.