ಹೊಳೆಯೋ ಡಬ್ಬಿ, ಒಳಗೆ ಓ-ರಿಂಗ್ ಇಲ್ಲ: ರೋಟರಿ ಕಾರಿಗೆ ಬೇರೆ ಆಯಿಲ್ ಟ್ಯಾಂಕ್ ಹಾಕಿಸೋರು ಓದಿ

ಆರ್‌ಎಕ್ಸ್-7, ಆರ್‌ಎಕ್ಸ್-8 ಥರದ ಮಾಜ್ದಾ ರೋಟರಿ ಕಾರು ಇಟ್ಟುಕೊಂಡು, ಎಂಜಿನ್ ಒಳಗೆ ಎಣ್ಣೆ ಹನಿಸೋ ಮೀಟರಿಂಗ್ ಪಂಪಿಗೆ ಬೇರೆ ಆಯಿಲ್ ಟ್ಯಾಂಕ್ ಕೂರಿಸೋ ಯೋಚನೆ ಇರೋರು ಮೊದಲು ಇದನ್ನ ಓದಿ, ಆಮೇಲೆ ದುಡ್ಡು ಕಳಿಸಿ. "ಮನೆಯಲ್ಲೇ ಮಾಡಿದ್ದು, ಕೈಕೆಲಸ, ಹಾಕಿ ಮರೆತುಬಿಡಿ" ಅಂತ ಮಾರೋ ಸೆಟ್ ಒಂದನ್ನ ತಗೊಂಡು ಯಾಮಾರಿದ್ದಾಯ್ತು. ಮಾರಿದವನ ಹೆಸರು ಹಾಕಲ್ಲ. ಅಂಥವರು ಹೆಸರು ಬದಲಾಯಿಸ್ಕೊಂಡು ಮತ್ತೆ ಬರ್ತಾರೆ, ಡಬ್ಬಿ ಮಾತ್ರ ಅದೇ ಇರುತ್ತೆ. ಡಬ್ಬಿಯನ್ನೇ ಗುರುತಿಟ್ಟುಕೊಳ್ಳಿ.

ಟ್ಯಾಂಕ್ ಯಾಕೆ ಬೇಕು ಅನ್ನೋದು ನಿಮಗೆ ಗೊತ್ತಿರೋದೇ. ಪಿಸ್ಟನ್ ಬದಲು ತಿರುಗೋ ಒಂದೊಂದು ತ್ರಿಕೋನ ರೋಟರಿನ ಮೂರು ಮೂಲೆಗೆ ಮೂರು ಅಪೆಕ್ಸ್ ಸೀಲ್, 13ಬಿ ಎಂಜಿನ್ನಿನಲ್ಲಿ ಎರಡು ರೋಟರಿಗೆ ಒಟ್ಟು ಆರು. ಅವು ಹೌಸಿಂಗ್ ಗೋಡೆಗೆ ಉಜ್ಜುತ್ತಲೇ ಇರುತ್ತವೆ, ಅವಕ್ಕೆ ಎಣ್ಣೆ ಬೇಕು. ಕಂಪನಿ ಮಾಡಿರೋ ಏರ್ಪಾಡಿನಲ್ಲಿ ಮೀಟರಿಂಗ್ ಪಂಪು ಸಂಪಿನಲ್ಲಿರೋ (ಎಂಜಿನ್ ತಳದ ಎಣ್ಣೆ ತೊಟ್ಟಿ) ಎಂಜಿನ್ ಆಯಿಲನ್ನೇ ಹನಿಹನಿಯಾಗಿ ಒಳಗೆ ಬಿಡುತ್ತೆ, ಅದು ಪೆಟ್ರೋಲಿನ ಜೊತೆ ಸುಟ್ಟುಹೋಗುತ್ತೆ. ಎಂಜಿನ್ ಆಯಿಲ್ ಸುಡೋದಕ್ಕೆ ಅಂತ ಮಾಡಿದ್ದಲ್ಲ, ಅದರೊಳಗಿನ ಲೋಹದ ಅಂಶ ಬೂದಿಯಾಗಿ ಕೂರುತ್ತೆ. ಟೂ-ಸ್ಟ್ರೋಕ್ ಆಯಿಲ್ ಸುಡೋದಕ್ಕೇ ಹುಟ್ಟಿದ್ದು. ಹಾಗಾಗಿ ಪಂಪಿಗೂ ಎಂಜಿನ್ ಫ್ರಂಟ್ ಕವರಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಇಟ್ಟು, ಸಂಪಿನ ದಾರಿ ಮುಚ್ಚಿ, ಮೇಲೆ ಕೂರಿಸಿದ ಟ್ಯಾಂಕಿನಿಂದ ಟೂ-ಸ್ಟ್ರೋಕ್ ಆಯಿಲ್ ಇಳಿಯೋ ಹಾಗೆ ಮಾಡೋದು. ಟ್ಯಾಂಕ್, ಹೋಸ್, ಪ್ಲೇಟ್. ಇರೋದೇ ಮೂರು ಸಾಮಾನು. ಮೂರರಲ್ಲೂ ಟೋಪಿ ಹಾಕಬಹುದು ಅಂತ ಈಗ ಗೊತ್ತಾಯ್ತು.

ಮೊದಲು ಟ್ಯಾಂಕ್. ಅಲ್ಯೂಮಿನಿಯಂ, ವೆಲ್ಡಿಂಗ್ ನೋಡೋಕೆ ಚೆಂದ, ಪಾಲಿಶ್ ಹೊಡೆದು ಮುಖ ಕಾಣೋ ಹಾಗೆ ಮಾಡಿದ್ದ. "ಎರಡು ಲೀಟರ್ ಸರ್, ತಿಂಗಳುಗಟ್ಟಲೆ ನೋಡೋದೇ ಬೇಡ" ಅಂದಿದ್ದ. ಬಂದ ದಿನವೇ ಸ್ಕೇಲ್ ಹಿಡಿದಿದ್ದರೆ ಗೊತ್ತಾಗ್ತಿತ್ತು. ಹಿಡಿಯಲಿಲ್ಲ, ಅದು ನನ್ನ ತಪ್ಪು. ಉದ್ದ 20 ಸೆಂ.ಮೀ., ಅಗಲ 10, ಎತ್ತರ 7. ಗುಣಿಸಿ ನೋಡಿ: 1400 ಮಿ.ಲೀ., ಅದೂ ತಗಡಿನ ದಪ್ಪ ಕಳೆಯೋ ಮುಂಚೆ. ಎರಡು ಲೀಟರ್ ಎಲ್ಲಿಂದ ಬಂತು? ಕೇಳಿದ್ದಕ್ಕೆ ಬಂದ ಉತ್ತರ: "ಕುತ್ತಿಗೆವರೆಗೂ ತುಂಬಿಸಿ ಸರ್." ಕುತ್ತಿಗೆಯಲ್ಲಿ 600 ಮಿ.ಲೀ. ಹಿಡಿಯೋಕೆ ಅದೇನು ಜಿರಾಫೆನಾ?

ಲೆಕ್ಕ ಹಾಕೋದು ಹೀಗೆ. ಪಂಪನ್ನೇ ತೆಗೆದು ಪೆಟ್ರೋಲಿಗೆ ನೇರ ಎಣ್ಣೆ ಬೆರೆಸೋರು ಸಾಮಾನ್ಯವಾಗಿ ಹಿಡಿಯೋ ಅಳತೆ 1:128, ಅಂದರೆ ಲೀಟರಿಗೆ ಸುಮಾರು 8 ಮಿ.ಲೀ. ಪಂಪು ಇದಕ್ಕಿಂತ ಕಡಿಮೆಯೇ ತಗೊಂಡರೂ ಟ್ಯಾಂಕಿನ ಅಳತೆಗೆ ಈ ಜಾಸ್ತಿ ಲೆಕ್ಕವನ್ನೇ ಇಟ್ಟುಕೊಳ್ಳಿ. 50 ಲೀಟರ್ ಪೆಟ್ರೋಲಿಗೆ 400 ಮಿ.ಲೀ. ಆಯ್ತು. ನಿಜವಾದ ಎರಡು ಲೀಟರ್ ಇದ್ದರೆ ಐದು ಸಲ ಪೆಟ್ರೋಲ್ ತುಂಬಿಸೋವರೆಗೆ ನಿಶ್ಚಿಂತೆ. ಇವನ ಡಬ್ಬಿಯಲ್ಲಿ ಮೂರನೇ ಸಲ ತುಂಬಿಸೋ ಹೊತ್ತಿಗೇ ಎದೆ ಡವಡವ.

ಅದು ಬರೀ ಅಳತೆಯ ಮೋಸ, ಸಹಿಸಬಹುದಿತ್ತು. ಆಕಾರ ನೋಡಿ: ಅಗಲ ಜಾಸ್ತಿ, ಎತ್ತರ ಕಮ್ಮಿ, ಒಳಗೆ ಅಡ್ಡಗೋಡೆ ಇಲ್ಲ. ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಹೋಗಿ ಹೊರದಾರಿ ತೂತು ಗಾಳಿ ಎಳ್ಕೊಳ್ಳುತ್ತೆ. ಟ್ಯಾಂಕ್ ಯಾವಾಗಲೂ ಎತ್ತರಕ್ಕೆ, ಸಪೂರಕ್ಕೆ ಇರಬೇಕು. ಹೊರದಾರಿ ತಳದಿಂದ 5ರಿಂದ 10 ಮಿ.ಮೀ. ಮೇಲಿರಬೇಕು, ವೆಲ್ಡಿಂಗಿನ ಚೂರು, ಕಸ ತಳದಲ್ಲೇ ಉಳಿಯಲಿ ಅಂತ. ಇವನದ್ದು ತಳಕ್ಕೇ ಕೊರೆದ ತೂತು. ಬೆರಳು ಹಾಕಿ ಒರೆಸಿದರೆ ಬೆರಳ ತುದಿಯಲ್ಲಿ ಅಲ್ಯೂಮಿನಿಯಂ ಪುಡಿ ಮಿರಮಿರ ಅಂತಿತ್ತು. ಆ ಪುಡಿ ಹೋಗೋದು ಎಲ್ಲಿಗೆ? ಪಂಪಿನ ಪ್ಲಂಜರಿಗೆ. "ತೊಳ್ಕೊಂಡು ಹಾಕ್ಬೇಕು ಸರ್, ಯಾರಾದ್ರೂ ಹಾಗೇ ಹಾಕ್ತಾರಾ" ಅಂದ. ತೊಳೆದೇ ಹಾಕಿದ್ದು, ಮೂರು ಸಲ. ಆದರೆ "ಹಾಕಿ ಮರೆತುಬಿಡಿ" ಅಂತ ಮಾರಿದವನು ಹೇಳೋ ಮಾತಾ ಇದು?

ಮುಚ್ಚಳದಲ್ಲಿ ಗಾಳಿ ಕಿಂಡಿ ಇಲ್ಲ. ಇದು ಬರೀ ಸೋರೋ ತೊಂದರೆ ಅಲ್ಲ, ಎಂಜಿನ್ನಿನ ಪ್ರಾಣಕ್ಕೇ ಬರೋದು. ಎಣ್ಣೆ ಇಳಿದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಆಗಿ ಎಣ್ಣೆ ಇಳಿಯೋದು ನಿಧಾನವಾಗಿ ನಿಂತುಹೋಗುತ್ತೆ. ಪಂಪು ತಿರುಗ್ತಾ ಇರುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಏನೂ ಹತ್ತಲ್ಲ, ಯಾಕಂದ್ರೆ ನಾವು ತಂದಿಟ್ಟ ಟ್ಯಾಂಕ್ ಇದೆ ಅನ್ನೋದೇ ಕಾರಿಗೆ ಗೊತ್ತಿಲ್ಲ. ಅಪೆಕ್ಸ್ ಸೀಲ್ ಒಣಗಿ ಉಜ್ಜುತ್ತೆ, ಅಷ್ಟೇ. ಗಾಡಿ ಸ್ವಲ್ಪ ಓಡಿಸಿ ಬಂದು ಮುಚ್ಚಳ ಬಿಚ್ಚಿದಾಗ ಸುಯ್ ಅಂತ ಗಾಳಿ ಒಳಗೆಳೆದ ಸದ್ದು ಬಂದರೆ ಕಿಂಡಿ ಇಲ್ಲ ಅಂತಲೇ ಅರ್ಥ. ಚಿಕ್ಕ ಫಿಲ್ಟರ್ ಇರೋ ಬ್ರೀದರ್ ಹಾಕಿ. ಬರೀ ತೂತು ಕೊರೆದರೆ ಧೂಳು, ನೀರು ಎರಡೂ ಒಳಗೆ.

ಇನ್ನು ಹೋಸ್. ಪಾರದರ್ಶಕ ಪೈಪ್ ಕೊಟ್ಟಿದ್ದ, "ಎಣ್ಣೆ ಇಳಿಯೋದು ಕಣ್ಣಿಗೇ ಕಾಣುತ್ತೆ" ಅಂತ. ಅದು ಮೀನಿನ ತೊಟ್ಟಿಗೆ ಹಾಕೋ ಪಿವಿಸಿ ಪೈಪು. ಎಂಜಿನ್ ಕಾವು, ಎಣ್ಣೆ ಎರಡೂ ಸೇರಿದರೆ ಹಳದಿಯಾಗಿ, ಗಟ್ಟಿಯಾಗಿ, ಹೋಸ್ ಸಿಕ್ಕಿಸೋ ನಿಪ್ಪಲಿನಿಂದ ತಾನೇ ಜಾರುತ್ತೆ. ಎಣ್ಣೆಗೆ ಅಂತಲೇ ಮಾಡಿದ ನೈಟ್ರೈಲ್ ರಬ್ಬರ್ ಹೋಸ್ ತಗೊಳ್ಳಿ, ಒಳ ಅಳತೆ 6 ಅಥವಾ 8 ಮಿ.ಮೀ., ಎರಡೂ ತುದಿಗೆ ಕ್ಲಿಪ್. ಟ್ಯಾಂಕಿನಿಂದ ಪಂಪಿನವರೆಗೆ ಇಳಿಜಾರಾಗೇ ಹೋಗಬೇಕು, ನಡುವೆ ಎಲ್ಲೂ ಗೂನು ಏಳಬಾರದು. ಗೂನು ಎದ್ದ ಕಡೆ ಗಾಳಿ ಸಿಕ್ಕಿಹಾಕಿಕೊಂಡು ಏರ್ ಲಾಕ್ ಆಗುತ್ತೆ. ಟ್ಯಾಂಕಿನ ತಳ ಪಂಪಿಗಿಂತ ಕನಿಷ್ಠ 15-20 ಸೆಂ.ಮೀ. ಮೇಲಿರಲಿ. ಇವನು ಕೊಟ್ಟ ಬ್ರಾಕೆಟ್ಟಿನಲ್ಲಿ ಕೂರಿಸಿದರೆ ಟ್ಯಾಂಕ್ ಹೆಚ್ಚುಕಡಿಮೆ ಪಂಪಿನ ಮಟ್ಟಕ್ಕೇ ಬರುತ್ತೆ. ಗುರುತ್ವ ಅನ್ನೋದು ಇವನ ಊರಲ್ಲಿ ಬೇರೆ ಥರ ಇದೆಯೋ ಏನೋ. ಬ್ರಾಕೆಟ್ ಬೇರೆ ಮಾಡಿಸಿ ಎತ್ತರಕ್ಕೆ ಕೂರಿಸಿದ್ದಾಯ್ತು. ಪೆಟ್ರೋಲಿನ ಪೇಪರ್ ಫಿಲ್ಟರ್ ನಡುವೆ ಹಾಕಬೇಡಿ. ಚಳಿಯಲ್ಲಿ ಗಟ್ಟಿಯಾದ ಎಣ್ಣೆ ಬರೀ ತನ್ನ ಭಾರಕ್ಕೆ ಅದರೊಳಗಿಂದ ಇಳಿಯಲ್ಲ. ದೊಡ್ಡ ಜಾಲರಿ ಸಾಕು. ಮರೆಗೆ (ಸ್ಕ್ರೂ ಥ್ರೆಡ್‌ಗೆ) ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಬಿಚ್ಚಿಕೊಂಡು ಪಂಪಿಗೆ ಹೋಗುತ್ತೆ. ಎಣ್ಣೆ ತಡೆಯೋ ದ್ರವ ಸೀಲೆಂಟ್ ಸಿಗುತ್ತೆ, ಅದನ್ನೇ ಹಚ್ಚಿ.

ಈಗ ಹೊಟ್ಟೆ ಉರಿಸಿದ ಭಾಗ. ಪ್ಲೇಟ್.

ಎಲ್ಲ ಕೂರಿಸಿ, ಎಣ್ಣೆ ತುಂಬಿಸಿ, ಗಾಳಿ ತೆಗೆದು ಬಿಟ್ಟ ಮೇಲೆ ಟ್ಯಾಂಕಿನಲ್ಲಿ ಎಣ್ಣೆ ಬೇಗ ಬೇಗ ಇಳಿಯೋಕೆ ಶುರುವಾಯ್ತು. ಮೆಸೇಜ್ ಹಾಕಿದರೆ: "ರೋಟರಿ ಎಣ್ಣೆ ಕುಡಿಯುತ್ತೆ ಸರ್, ಅದು ಅದರ ಗುಣ. ನಿಮಗೆ ಹೊಸದಾ ರೋಟರಿ?" ಕೊನೆಯ ಆ ಪ್ರಶ್ನೆ ನೋಡಿ. ಬಾಯಿ ಮುಚ್ಚಿಸೋಕೆ ಅಂತಲೇ ಕೇಳೋದು. ಮುಚ್ಚಿಸಿದ, ಎರಡು ದಿನ.

ಮೂರನೇ ರಾತ್ರಿ ಸ್ಟೀಲ್ ಸ್ಕೇಲ್ ತೊಳೆದು ಒರೆಸಿ ಟ್ಯಾಂಕಿನೊಳಗೆ ನೇರ ಇಳಿಬಿಟ್ಟು ನೋಡಿದ್ದು: 50 ಮಿ.ಮೀ. ಡಿಪ್‌ಸ್ಟಿಕ್ಕಿನಲ್ಲಿ ಸಂಪಿನ ಆಯಿಲ್ ಮಟ್ಟ ನೋಡಿದ್ದು: ಎರಡು ಗುರುತಿನ ನಡುವೆ. ಗಾಡಿ ಸ್ಟಾರ್ಟ್ ಮಾಡಲೇ ಇಲ್ಲ. ಬೆಳಿಗ್ಗೆ ಸ್ಕೇಲಿನಲ್ಲಿ 35. ನೆಲದ ಮೇಲೆ ಒಂದು ಹನಿ ಇಲ್ಲ. ಆ ತಳದ ಅಳತೆಗೆ ಒಂದು ಸೆಂ.ಮೀ. ಅಂದರೆ 200 ಮಿ.ಲೀ., ಹಾಗಾದರೆ 300 ಮಿ.ಲೀ. ಎಲ್ಲಿ ಹೋಯ್ತು? ಡಿಪ್‌ಸ್ಟಿಕ್ ಎಳೆದರೆ ಮೇಲಿನ ಗುರುತಿನ ಹತ್ತಿರಕ್ಕೆ ಏರಿ ಕೂತಿದೆ. ನಿಂತಿರೋ ಗಾಡಿ. ಎಂಜಿನ್ ಆಫ್. ಕುಡಿದಿದ್ದು ರೋಟರಿ ಅಲ್ಲ, ಸಂಪು. ಟೂ-ಸ್ಟ್ರೋಕ್ ಆಯಿಲ್ ಇಡೀ ರಾತ್ರಿ ಫ್ರಂಟ್ ಕವರಿನೊಳಗಿಂದ ಸಂಪಿಗೆ ಇಳಿದಿತ್ತು. ಸ್ಕೇಲ್ ಕೈಯಲ್ಲಿ ಹಿಡ್ಕೊಂಡು ಬಾನೆಟ್ ಮುಂದೆ ಬೆಪ್ಪುತಕ್ಕಡಿ ಹಾಗೆ ನಿಂತಿದ್ದಷ್ಟೇ ಬಂತು.

ಇದಕ್ಕೆ ಅವನ ಉತ್ತರ ಕೇಳಿ: "ಬಿಸಿಗೆ ಎಣ್ಣೆ ಉಬ್ಬಿರುತ್ತೆ, ತಣ್ಣಗಾದ ಮೇಲೆ ಇಳಿಯುತ್ತೆ, ಫಿಸಿಕ್ಸ್ ಸರ್." ಫಿಸಿಕ್ಸೇ ಮಾತಾಡೋಣ. ಎಣ್ಣೆ ಒಂದು ಡಿಗ್ರಿಗೆ ಸುಮಾರು 0.07 ಶೇಕಡಾ ಹಿಗ್ಗುತ್ತೆ. 50 ಡಿಗ್ರಿ ತಣ್ಣಗಾದರೂ 3.5 ಶೇಕಡಾ. 50 ಮಿ.ಮೀ. ಎಣ್ಣೆಗೆ ಅದು ಎರಡು ಮಿ.ಮೀ.ಗಿಂತ ಕಮ್ಮಿ. ಇಳಿದಿದ್ದು 15. ಇದನ್ನ ಬರೆದು ಕಳಿಸಿದ ಮೇಲೆ ಎರಡು ನೀಲಿ ಟಿಕ್, ಉತ್ತರ ಇಲ್ಲ.

ಪಂಪ್ ಬಿಚ್ಚಿ ಪ್ಲೇಟ್ ತೆಗೆದು ನೋಡಿದರೆ, ಓ-ರಿಂಗ್ (ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಕೂರೋಕೆ ತೋಡು ಕೊರೆದಿದೆ, ರಿಂಗ್ ಇಲ್ಲ. ತೋಡಿನ ತುಂಬ ಕೆಂಪು ಸಿಲಿಕೋನ್ ಮೆತ್ತಿದ್ದ. ಅಂಚಿನಿಂದ ಸಿಲಿಕೋನಿನ ಒಂದು ಎಳೆ ಎಣ್ಣೆದಾರಿಯ ಬಾಯಿಗೆ ನೇತಾಡ್ತಿತ್ತು, ಉಗುರಲ್ಲಿ ಮುಟ್ಟಿದರೆ ಕಿತ್ತು ಬಂತು. ಪಂಪ್ ತಿರುಗಿಸೋ ಶಾಫ್ಟ್ ಹೋಗೋ ತೂತಿನಲ್ಲಿ ಸೀಲೇ ಇಲ್ಲ, ಬರೀ ಡ್ರಿಲ್ ಹೊಡೆದ ತೂತು. ಪ್ಲೇಟಿನ ಕೆಲಸವೇ ಆ ಎರಡು ಜಾಗದಲ್ಲಿ ಎಣ್ಣೆ ತಡೆಯೋದು! ಅದನ್ನ ಬಿಟ್ಟು ಉಳಿದಿದ್ದೆಲ್ಲ ಮಾಡಿದ್ದಾನೆ, ಅಕ್ಷರ ಕೂಡ ಕೆತ್ತಿದ್ದಾನೆ. ಮುಂಚೆ ಕಳಿಸಿದ ಫೋಟೋ ಮತ್ತೆ ತೆಗೆದು ನೋಡಿದೆ. ಅದರಲ್ಲಿ ಕಪ್ಪು ರಿಂಗ್ ಚೆನ್ನಾಗಿ ಕಾಣುತ್ತೆ. ನಿಪ್ಪಲ್ ಎಡಗಡೆ. ನನ್ನ ಕೈಯಲ್ಲಿರೋ ಪ್ಲೇಟಿನಲ್ಲಿ ನಿಪ್ಪಲ್ ಬಲಗಡೆ. ಫೋಟೋ ಬೇರೆ ಯಾರದ್ದೋ ಪ್ಲೇಟಿಂದು. ಅವತ್ತೇ ಕಣ್ಣಿಗೆ ಬೀಳಬೇಕಿತ್ತು, ಬೀಳಲಿಲ್ಲ, ಪಾಲಿಶ್ ನೋಡ್ತಾ ಕೂತಿದ್ದೆ.

"ಓ-ರಿಂಗಾ? ಅದು ಹಾಕಿಸ್ಕೊಳ್ಳೋರು ತಂದ್ಕೋಬೇಕು ಸರ್, ಎಲ್ಲರಿಗೂ ಗೊತ್ತಿರೋ ವಿಷ್ಯ." ಆಮೇಲೆ: "ಇಷ್ಟು ಗಾಡಿಗೆ ಹಾಕಿದ್ದೀನಿ, ಯಾರೂ ಕಂಪ್ಲೇಂಟ್ ಹೇಳಿಲ್ಲ." ಹೇಗೆ ಹೇಳ್ತಾರೆ? ಸಂಪಿಗೆ ಇಳಿದಿದ್ದನ್ನ ರೋಟರಿ ಕುಡಿದಿದೆ ಅಂದ್ಕೊಂಡು ಮತ್ತೆ ತುಂಬಿಸ್ತಾ ಇರ್ತಾರೆ ಪಾಪ. ಟೂ-ಸ್ಟ್ರೋಕ್ ಆಯಿಲ್ ಬೆರೆತು ಎಂಜಿನ್ ಆಯಿಲ್ ತೆಳ್ಳಗಾದರೆ ಏಟು ಬೀಳೋದು ಬೇರಿಂಗಿಗೆ, ಅದು ಗೊತ್ತಾಗೋದು ತಡವಾಗಿ. ಆಯಿಲು, ಫಿಲ್ಟರ್ ಎರಡೂ ಬದಲಾಯಿಸಿದ್ದಾಯ್ತು, ಆ ಖರ್ಚು ಬೇರೆ.

ಪ್ಲೇಟ್ ಕೊಳ್ಳೋ ಮುಂಚೆ ನೋಡಬೇಕಾದ್ದು: ಮುಖದ ಓ-ರಿಂಗ್ ನೈಟ್ರೈಲ್ ಅಥವಾ ವೈಟನ್ ರಬ್ಬರ್ ಆಗಿರಲಿ, ಶಾಫ್ಟಿಗೆ ಬೇರೆ ಸೀಲ್ ಇರಲಿ, ಪ್ಲೇಟಿನ ದಪ್ಪ ಎಷ್ಟೋ ಹಳೇದಕ್ಕಿಂತ ಅಷ್ಟು ಜಾಸ್ತಿ ಉದ್ದದ ಬೋಲ್ಟ್ ಜೊತೆಗೇ ಬರಲಿ. ಹಳೇ ಬೋಲ್ಟನ್ನೇ ಹಾಕಿದರೆ ಎರಡು ಮರೆ ಹಿಡಿದು ನಿಲ್ಲುತ್ತೆ, ಬಿಗಿ ಮಾಡಿದರೆ ಕವರಿನ ಮರೆ ಕಿತ್ತುಬರುತ್ತೆ. "ಎಲ್ಲ ಆರ್‌ಎಕ್ಸ್-8ಕ್ಕೂ ಆಗುತ್ತೆ" ಅಂದರೆ ಅಲ್ಲೇ ಎದ್ದುಬನ್ನಿ. 2009ರ ಮಾಡೆಲ್ಲಿನಿಂದ ಒಂದು ರೋಟರಿಗೆ ಎರಡರ ಬದಲು ಮೂರು ಆಯಿಲ್ ನಾಜಲ್ ಬಂದಿವೆ, ವ್ಯವಸ್ಥೆಯೇ ಬೇರೆ.

ಫ್ಲೋಟ್ ಸ್ವಿಚ್ ಒಂದು ಕೊಟ್ಟಿದ್ದ, ಅದನ್ನೂ ತಳಕ್ಕೆ ಅಂಟಿಸಿದ್ದ. ದೀಪ ಹತ್ತೋ ಹೊತ್ತಿಗೆ ಟ್ಯಾಂಕ್ ಖಾಲಿ, ಇನ್ನೇನು ಎಚ್ಚರಿಕೆ ಅದು. 400-500 ಮಿ.ಲೀ. ಉಳಿದಿರುವಾಗಲೇ ದೀಪ ಹತ್ತೋ ಎತ್ತರಕ್ಕೆ ಹಾಕಿಸಿ, ಕೂರಿಸೋ ಮುಂಚೆ ಕೈಯಲ್ಲಿ ಫ್ಲೋಟ್ ಎತ್ತಿ ಇಳಿಸಿ ದೀಪ ನೋಡಿ.

ಗಾಡಿಗೆ ಹಾಕೋ ಮುಂಚೆ ಪ್ಲೇಟನ್ನ ಪಂಪಿಗೆ ಬಿಗಿದು, ಟ್ಯಾಂಕನ್ನ ಮೊಳಕಾಲೆತ್ತರಕ್ಕೆ ಕಟ್ಟಿ, ಎಣ್ಣೆ ತುಂಬಿಸಿ, ಕೆಳಗೆ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಶಾಫ್ಟಿನ ಸುತ್ತ ಪೇಪರಿನ ಮೇಲೆ ಒಂದು ಕಲೆ ಕಂಡರೂ ವಾಪಸ್ ಕಳಿಸಿ. ಗಾಡಿಗೆ ಹಾಕಿದಾಗ ಹೋಸಿನ ಕೆಳತುದಿ ಬಿಚ್ಚಿ, ಗುಳ್ಳೆ ನಿಂತು ಬರೀ ಎಣ್ಣೆ ಬರೋವರೆಗೆ ಸುರಿಯಲು ಬಿಟ್ಟು ಸಿಕ್ಕಿಸಿ. ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 8 ಮಿ.ಲೀ. ಲೆಕ್ಕದಲ್ಲಿ ಎಣ್ಣೆ ಬೆರೆಸಿಯೇ ಓಡಿಸಿ, ಎಲ್ಲಾದರೂ ಏರ್ ಲಾಕ್ ಆಗಿದ್ದರೂ ಸೀಲ್ ಉಳಿಯುತ್ತೆ. ಎಣ್ಣೆ ಜಾಸೋ (ಟೂ-ಸ್ಟ್ರೋಕ್ ಆಯಿಲಿನ ಜಪಾನೀ ಗುಣಮಟ್ಟದ ಗುರುತು) ಎಫ್‌ಡಿ ಗ್ರೇಡಿಂದು ತಗೊಳ್ಳಿ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಸ್ಕೇಲ್ ಮತ್ತು ಡಿಪ್‌ಸ್ಟಿಕ್ ಎರಡನ್ನೂ ನೋಡಿ ಬರೆದಿಡಿ. ಟ್ಯಾಂಕ್ ಇಳಿದು ಸಂಪು ಹಾಗೇ ಇದ್ದರೆ ಸರಿ ಇದೆ. ಟ್ಯಾಂಕ್ ಇಳಿಯದಿದ್ದರೆ ಗಾಳಿ ಕಿಂಡಿ ಅಥವಾ ಏರ್ ಲಾಕ್. ಟ್ಯಾಂಕ್ ಇಳಿದು ಸಂಪು ಏರಿದರೆ ನನ್ನ ಕಥೆಯೇ ನಿಮ್ಮದೂ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಬಳಸಿದ ಸಾಮಾನು ತಗೊಳ್ಳಲ್ಲ" ಅಂದ, ಆಮೇಲೆ ಬ್ಲಾಕ್. ಅದೇ ಅಳತೆಯ ಡಬ್ಬಿ ಈಗ ಕಪ್ಪು ಪೌಡರ್ ಕೋಟಿಂಗಿನಲ್ಲಿ ಮತ್ತೆ ಮಾರಾಟಕ್ಕಿದೆ, ಈ ಸಲ "ಎರಡೂವರೆ ಲೀಟರ್" ಅಂತೆ. ನಿಪ್ಪಲ್ ಬಲಗಡೆ ಇರೋ ಪ್ಲೇಟಿನ ಹಿಂಬದಿ ಫೋಟೋ ಕೇಳಿ ನೋಡಿ, ಮುಂಬದಿ ಫೋಟೋ ಇನ್ನೊಂದು ಬರುತ್ತೆ.